ಮಾರ್ಚ್ ತಿಂಗಳ ಗಾಳಿ

ಹೋದ ವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಸೀರೆ ಒಣಹಾಕುತ್ತಿದ್ದೆ. ಸಿಂಗಸಂದ್ರದ ಮಾರ್ಚ್ ತಿಂಗಳು ನಿಮಗೆ ಗೊತ್ತಿರಬಹುದು; ಎಲೆ ಅಲುಗುವುದಿಲ್ಲ, ಹೊಸೂರು ರಸ್ತೆಯ ಧೂಳು ಎದ್ದದ್ದು ಎದ್ದಲ್ಲೇ ನಿಂತಿರುತ್ತದೆ. ನನ್ನ ಹತ್ತಿ ಸೀರೆಯ ಸೆರಗು ಹಲಗೆಯ ಹಾಗೆ ನೇರ ಇಳಿಬಿದ್ದಿತ್ತು. ಎದುರಿಗೆ, ಕ್ಲಬ್‌ಹೌಸಿನ ತಾರಸಿಯ ಮೇಲೆ ಹೊಸದಾಗಿ ನಿಲ್ಲಿಸಿದ್ದ ಮೂರು ರೆಕ್ಕೆಯ ಪುಟ್ಟ ಗಾಳಿಯಂತ್ರ ಮಾತ್ರ ಗಿರಗಿರನೆ ತಿರುಗುತ್ತಿತ್ತು.

ಸೆರಗು ನೋಡಿದೆ, ಯಂತ್ರ ನೋಡಿದೆ. ಎಪ್ಪತ್ತು ದಾಟಿದವಳ ಕಣ್ಣನ್ನು ನಂಬಬಾರದೆಂದು ಒಳಗೆ ಹೋಗಿ ಕನ್ನಡಕ ತಂದೆ. ಕನ್ನಡಕದಲ್ಲೂ ಅದು ತಿರುಗುತ್ತಲೇ ಇತ್ತು.

ಅಷ್ಟರಲ್ಲಿ ಬೆಲ್ ಆಯಿತು. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ವೀಣಾ. ನಮ್ಮ ದಾವಣಗೆರೆ ಕಡೆಯ ಹುಡುಗಿ, ಚುರುಕು, ನಡೆಯುವುದೇ ಇಲ್ಲ, ಓಡುತ್ತಾಳೆ.

“ಆಂಟಿ, ಗ್ರೀನ್ ಅವಾರ್ಡಿಗೆ ನಾವು ಶಾರ್ಟ್‌ಲಿಸ್ಟ್ ಆಗಿದೀವಿ! ಒಂದು ಲೆಟರ್ ಬೇಕಿತ್ತು. ವಿಂಡ್‌ಮಿಲ್ಲಿಂದ ಕಾರಿಡಾರ್ ಲೈಟೆಲ್ಲ ಉರೀತಿದೆ ಅಂತ. ನಿಮ್ಮ ಕಾನ್ವೆಂಟ್ ಇಂಗ್ಲಿಷಲ್ಲಿ ಬರೆದು ಸೈನ್ ಹಾಕಿದ್ರೆ ಸಕ್ಕತ್ತಾಗಿರುತ್ತೆ. ನೀವು ಬೇರೆ ವಿಂಡ್‌ಮಿಲ್ ಲೈನಲ್ಲೇ ಇದ್ದವ್ರು.”

“ಗಾಳಿ ಎಲ್ಲಿದೆ ವೀಣಾ?”

“ಅಯ್ಯೋ ಆಂಟಿ, ಅದಕ್ಕೆ ಒಂದು ಸಣ್ಣ ಮೋಟರ್ ಕೂರಿಸಿದೀವಿ, ಸ್ವಿಚ್ಚು ಕೆಳಗೆ ಪಂಪ್ ಬೋರ್ಡ್ ಪಕ್ಕ ಇದೆ. ಜಡ್ಜಸ್ ಬಂದಾಗ ನಿಂತಿದ್ರೆ ಚೆನ್ನಾಗಿರಲ್ಲ, ಅಲ್ವಾ?”

ಎಷ್ಟು ಸಹಜವಾಗಿ ಹೇಳಿದಳು! ಕರೆಂಟು ಕೊಡಬೇಕಾದ ಯಂತ್ರ ಕರೆಂಟು ತಿಂದು ತಿರುಗುತ್ತಿದೆ. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪು ಪಟ್ಟೆಂದು ಮುರಿಯಿತು. ನಾಳೆ ಹೇಳುತ್ತೇನೆಂದು ಅವಳನ್ನು ಕಳಿಸಿದೆ. ಸಿಟ್ಟು ಪೂರ್ತಿ ಅವಳ ಮೇಲಲ್ಲ. ಯಾರ ಮೇಲೆಂದು ಹೇಳಲು ನಿಮ್ಮನ್ನು ಸ್ವಲ್ಪ ದೂರ, ಪೀಣ್ಯದವರೆಗೆ, ಕರೆದುಕೊಂಡು ಹೋಗಬೇಕು.

ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಶೆಡ್ಡು ಇತ್ತು. ನಮ್ಮವರು ಎಂಜಿನಿಯರು, ಮಿತಭಾಷಿ. ಗುಡ್ಡದ ಮೇಲಿನ ದೊಡ್ಡ ಗಾಳಿಯಂತ್ರಗಳಿಗೆ ಬ್ರೇಕು ತಯಾರಿಸುತ್ತಿದ್ದರು. ಬಿರುಗಾಳಿ ಬಂದಾಗ ರೆಕ್ಕೆಯನ್ನು ಹಿಡಿದು ನಿಲ್ಲಿಸಬೇಕಲ್ಲ, ಆ ಬ್ರೇಕು. ನಾನು ಪಾರ್ಟ್‌ನರ್, ಅಂದರೆ ಪತ್ರ ಬರೆಯುವವಳು. ಕಂಪನಿಗಳಿಗೆ, ಇಲಾಖೆಗಳಿಗೆ ಹೋಗುವ ಇಂಗ್ಲಿಷೆಲ್ಲ ನನ್ನದೇ. ಯಂತ್ರದ ಎಣ್ಣೆಯ ವಾಸನೆಯಲ್ಲಿ ಕೂತು ‘ವಿ ಹಂಬ್ಲಿ ರಿಕ್ವೆಸ್ಟ್’ ಎಂದು ಟೈಪ್ ಮಾಡುವಾಗ ನನಗೆ ನಾನೇ ರಾಣಿಯ ಹಾಗೆ ಕಾಣುತ್ತಿದ್ದೆ. ಸ್ಕೂಲಿನಲ್ಲಿ ಲೆಟರ್ ರೈಟಿಂಗ್ ಕಲಿಸಿದ ಸಿಸ್ಟರ್, “ಗರ್ಲ್ಸ್, ವಾಕ್ಯ ಎಷ್ಟೇ ಚೆಂದವಿರಲಿ, ಒಳಗೆ ಒಂದಾದರೂ ನಿಜ ಇರಬೇಕು” ಎನ್ನುತ್ತಿದ್ದರು. ಅದನ್ನು ಮರೆತದ್ದು ಪೀಣ್ಯದಲ್ಲಿ.

ಶೆಡ್ಡಿನ ನಿಜವಾದ ಯಜಮಾನ ಫೋರ್‌ಮನ್ ಮುನಿರಾಜು. ಅಲ್ಲೇ ಹತ್ತಿರದ ಹಳ್ಳಿಯವನು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ಅದರ ತುದಿಯನ್ನು ತಿರುಗುವ ಬೇರಿಂಗಿಗೆ ಇಟ್ಟು, “ಇದಕ್ಕೆ ನೆಗಡಿ ಆಗೈತೆ ಕಣಮ್ಮ” ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಒಳಗಿನ ಒಂದು ಗುಂಡು ಒಡೆದಿರುತ್ತಿತ್ತು.

ನಮ್ಮ ಸುಗ್ಗಿಯೆಂದರೆ ಮಾರ್ಚ್. ಯಾಕೆ ಗೊತ್ತೆ? ಗಾಳಿಯಂತ್ರ ನೆಟ್ಟವರಿಗೆ ಆಗ ಸರ್ಕಾರ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಕೊಡುತ್ತಿತ್ತು. ಕರೆಂಟು ತೆಗೆದದ್ದಕ್ಕಲ್ಲ, ನೆಟ್ಟಿದ್ದಕ್ಕೆ. ಹಾಗಾಗಿ ಗಾಳಿಯ ಮುಖವನ್ನೇ ನೋಡದ ಬಟ್ಟೆ ಮಿಲ್ಲಿನವರು, ಒಡವೆ ಅಂಗಡಿಯವರು ಗಾಳಿಯಂತ್ರ ಕೊಳ್ಳುತ್ತಿದ್ದರು. ವರ್ಷದ ಲೆಕ್ಕ ಮುಗಿಯುವ ಮೂವತ್ತೊಂದನೇ ತಾರೀಖಿನೊಳಗೆ ಅದು ತಿರುಗಿತು ಎಂಬ ಕಾಗದ ಸಿಕ್ಕರೆ ಅವರಿಗೆ ಸಾಕು. ಆಮೇಲೆ ತಿರುಗಿದರೂ ಒಂದೇ, ತುಕ್ಕು ಹಿಡಿದರೂ ಒಂದೇ.

ಮುನಿರಾಜು ಬಿದ್ದು ಬಿದ್ದು ನಗುತ್ತಿದ್ದ. “ಗಾಳಿಗೇನ್ ಗೊತ್ತಮ್ಮ ಮಾರ್ಚ್ ಮೂವತ್ತೊಂದು? ಅದು ಆಷಾಢಕ್ಕೆ ಬರೋದು. ಇಂಗೆ ಕೂಗುದ್ರೆ ಬಂದ್ಬುಡ್ತದಾ? ಅದೇನ್ ನಿಮ್ಮ ಗುಮಾಸ್ತನಾ?”

ಒಂದು ವರ್ಷ ಚಿತ್ರದುರ್ಗದ ಕಡೆಯ ಒಂದು ಗುಡ್ಡದ ಮೇಲೆ ನಮ್ಮ ಬ್ರೇಕು ಹಾಕಿದ ಯಂತ್ರಗಳು ನಿಂತವು. ಮಾರ್ಚ್ ಕೊನೆ. ಉಸಿರಾಡುವಷ್ಟೂ ಗಾಳಿ ಇಲ್ಲ. ಗುಡ್ಡದಿಂದ ಊರಿಗೆ ಕರೆಂಟು ಒಯ್ಯುವ ತಂತಿಯನ್ನೂ ಯಾರೂ ಎಳೆದಿರಲಿಲ್ಲ. ಯಂತ್ರ ನಿಲ್ಲಿಸಿದ ಕಂಪನಿಯವರು ಲಾರಿಯಲ್ಲಿ ಡೀಸೆಲ್ ಜನರೇಟರ್ ತಂದರು. ಆ ಹಳೆಯ ನಮೂನೆಯ ಯಂತ್ರಗಳಿಗೆ ಹಿಂದಿನಿಂದ ಕರೆಂಟು ಕೊಟ್ಟರೆ ಫ್ಯಾನಿನ ಹಾಗೆ ತಿರುಗುತ್ತವೆ. ತಿರುಗಿದವು. ಫೋಟೋ ತೆಗೆದರು. ಬ್ರೇಕು ಮಾಡಿದವರ ಕಡೆಯಿಂದಲೂ ಒಂದು ಪತ್ರ ಬೇಕೆಂದರು.

“ಎಲ್ಲರೂ ಕೊಡ್ತಾರಂತೆ. ಒಂದೇ ಲೈನು, ಬರೆದುಬಿಡು” ಎಂದರು ನಮ್ಮವರು, ನನ್ನ ಮುಖ ನೋಡದೆ.

ಬರೆದೆ. ‘ಫೌಂಡ್ ಟು ಬಿ ರೊಟೇಟಿಂಗ್ ಸ್ಯಾಟಿಸ್ಫ್ಯಾಕ್ಟರಿಲಿ.’ ತೃಪ್ತಿಕರವಾಗಿ ತಿರುಗುತ್ತಿದೆ. ಕೆಳಗೆ ನನ್ನ ಸಹಿ, ಸ್ಕೂಲಿನಲ್ಲಿ ಬಹುಮಾನ ಬಂದ ಕೈಬರಹದಲ್ಲಿ.

ಆಷಾಢ ಬಂತು. ಗಾಳಿ ಹುಚ್ಚಾಗಿ ಬೀಸಿತು. ತಂತಿ ಬರಲಿಲ್ಲ. ಕಂಬ ಯಾರ ಹೊಲದಲ್ಲಿ ಹೋಗಬೇಕು, ಯಾರು ಎಳೆಯಬೇಕು ಎಂದು ಇಲಾಖೆ ಕಂಪನಿಯ ಕಡೆಗೆ, ಕಂಪನಿ ಇಲಾಖೆಯ ಕಡೆಗೆ ಬೆರಳು ತೋರಿಸಿದವು. ಅಷ್ಟು ಗಾಳಿಯಲ್ಲಿ ಯಂತ್ರಗಳು ಬ್ರೇಕು ಹಾಕಿಕೊಂಡು ನಿಂತಿದ್ದವು. ಇಡೀ ಗುಡ್ಡದಲ್ಲಿ ಕೆಲಸ ಮಾಡುತ್ತಿದ್ದದ್ದು ನಮ್ಮ ಬ್ರೇಕು ಒಂದೇ! ಮೊದಲನೆಯವು ಓಡುವ ತನಕ ಎರಡನೇ ಕಂತಿನ ಆರ್ಡರ್ ಇಲ್ಲವೆಂದು ಕಂಪನಿ ಹೇಳಿತು. ಇತ್ತ ಆ ತೆರಿಗೆ ವಿನಾಯಿತಿಯನ್ನೂ ಸರ್ಕಾರ ಇದ್ದಕ್ಕಿದ್ದಂತೆ ತೆಗೆಯಿತು. ಕೆಲವು ವರ್ಷ ಬಿಟ್ಟು ಮತ್ತೆ ಕೊಟ್ಟಿತು, ಮತ್ತೆ ಇಳಿಸಿತು. ಮಕ್ಕಳನ್ನು ಜೋಕಾಲಿಯಲ್ಲಿ ಕೂರಿಸಿದರೂ ಹೀಗೆ ತೂಗುವುದಿಲ್ಲ. ಒಂದು ವರ್ಷ ರಾತ್ರಿ ಪಾಳಿ, ಮರುವರ್ಷ ಲೇತ್ ಮೆಷೀನಿನ ಮೇಲೆ ಬೆಕ್ಕು ಮಲಗಿದೆ. ಇಂಥದ್ದರಲ್ಲಿ ಕಸುಬು ಬೆಳೆಯುವುದು ಹೇಗೆ?

ನಾನೇ ಪತ್ರ ಹಿಡಿದು ಇಲಾಖೆಗೆ ಹೋದೆ. ಮೂರು ಪುಟ, ನನ್ನ ಜೀವನದ ಬೆಸ್ಟ್ ಇಂಗ್ಲಿಷ್. ಅಧಿಕಾರಿ ಓದಲೂ ಇಲ್ಲ. ಫೈಲಿನಿಂದ ಒಂದು ಹಾಳೆ ತೆಗೆದು ನನ್ನತ್ತ ತಿರುಗಿಸಿದರು.

“ಮೇಡಂ, ತೃಪ್ತಿಕರವಾಗಿ ತಿರುಗ್ತಿದೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ? ತಿರುಗ್ತಿರೋದಕ್ಕೆ ಕಂಪ್ಲೇಂಟ್ ಏನು?”

ನನ್ನ ಬಹುಮಾನದ ಕೈಬರಹ ನನ್ನನ್ನೇ ನೋಡುತ್ತಿತ್ತು.

ಆ ಆಷಾಢ ಕಳೆದು ಬಂದ ಮಾರ್ಚಿಗೇ ಶೆಡ್ಡು ಮುಚ್ಚಿತು. ಮುನಿರಾಜು ಕೊನೆಯ ದಿನ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡ. “ಇದೊಂದು ತಕೊಂಡೋಯ್ತೀನಮ್ಮ” ಎಂದ. ಇಂದಿಗೂ ಚಂದಾಪುರದಲ್ಲಿ ಮನೆಗಳಿಗೆ ಗೇಟು ಮಾಡುತ್ತಾನೆ. ಗೇಟಿಗೆ ಬೇರಿಂಗಿನ ನೆಗಡಿ ಕೇಳುವ ಕಿವಿ ಯಾಕೆ ಬೇಕು ಹೇಳಿ? ನಮ್ಮವರು ಆಮೇಲೆ ಗಾಳಿಯ ಮಾತೇ ಎತ್ತಲಿಲ್ಲ, ಹಾಗೇ ಹೋಗಿಬಿಟ್ಟರು.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಹರಾಜಿನಲ್ಲಿ ಕರೆಂಟಿಗೆ ಕಡಿಮೆ ದರ ಕೂಗಿದವರಿಗೆ ಕೆಲಸವಂತೆ. ಆ ಕಡಿಮೆಯನ್ನು ಕೊನೆಗೆ ಪೀಣ್ಯದ ಯಾವುದೋ ಸಣ್ಣ ಶೆಡ್ಡಿನಿಂದಲೇ ಹಿಂಡುತ್ತಾರೆ. ಒಳ್ಳೆಯ ಗಾಳಿಯ ಗುಡ್ಡಗಳ ಮೇಲೆ ಆ ಕಾಲದ ಕುಳ್ಳ ಯಂತ್ರಗಳು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಜಾಗ ಹಿಡಿದು ಕೂತಿವೆ. ಮಳೆಗಾಲದಲ್ಲಿ ಗಾಳಿ ಭರ್ತಿಯಿದ್ದಾಗ ‘ಕರೆಂಟು ಜಾಸ್ತಿಯಾಯಿತು, ನಿಲ್ಲಿಸಿ’ ಎಂದು ಫೋನು ಬರುವುದೂ ಉಂಟಂತೆ. ನಿಲ್ಲಿಸುವುದರಲ್ಲಿ ನಾವು ಯಾವಾಗಲೂ ನಿಪುಣರು.

ಮರುದಿನ ವೀಣಾ ಬರುವ ಮುಂಚೆ ಚಂದಾಪುರಕ್ಕೆ ಫೋನ್ ಮಾಡಿ ಮುನಿರಾಜುಗೆ ವಿಷಯ ಹೇಳಿದೆ. ಆ ಕಡೆಯಿಂದ ಅದೇ ನಗು.

“ಇನ್ನೂ ಮಾರ್ಚಲ್ಲೇ ತಿರುಗುಸ್ತಾವ್ರಾ? ಬುದ್ಧಿ ಬರ್ಲಿಲ್ವಾ ಈ ಜನಕ್ಕೆ?” ಆಮೇಲೆ ಮೆಲ್ಲಗೆ ಕೇಳಿದ. “ಈ ಸಲಾನೂ ಬರ್ದುಕೊಟ್ರಾ ಅಮ್ಮ?”

ಅವನಿಗೆ ಆ ಪತ್ರ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ.

“ಇಲ್ಲ ಮುನಿರಾಜು. ಮೋಟರ್ ಬಿಚ್ಚಿ ಒಳ್ಳೇ ಬೇರಿಂಗ್ ಹಾಕೋಕೆ ಬರ್ತೀಯಾ?”

“ಆಷಾಢಕ್ಕೆ ಮುಂಚೆ ಬತ್ತೀನಿ. ಅಲ್ಲಿಯೋರು ಒಪ್ಬೇಕಲ್ಲ?”

ವೀಣಾ ಒಪ್ಪಲಿಲ್ಲ. ನಾನು ಕೊಟ್ಟ ಪತ್ರ ಓದಿ ಅವಳ ಮುಖ ಕೆಂಪಾಯಿತು. ಅದರಲ್ಲಿ ಎರಡೇ ವಾಕ್ಯ: ಈ ಯಂತ್ರ ಗಾಳಿಯಿಂದ ತಿರುಗುತ್ತಿಲ್ಲ, ಇದರ ಸ್ವಿಚ್ಚು ನೀರಿನ ಪಂಪಿನ ಬೋರ್ಡಿನ ಪಕ್ಕದಲ್ಲಿದೆ.

“ಆಂಟಿ, ಎಲ್ಲಾ ಕಡೆ ಹೀಗೇ ಮಾಡ್ತಾರೆ! ಇದೇನು ಮಹಾ ಅಪರಾಧನಾ? ಒಂದೇ ಲೈನು ತಾನೆ ಕೇಳಿದ್ದು?”

“ನನ್ನನ್ನೂ ಒಂದೇ ಲೈನು ಅಂತಲೇ ಕೇಳಿದ್ರಮ್ಮ” ಎಂದೆ. ನನ್ನ ದನಿ ಏರಿತ್ತು, ಪಕ್ಕದ ಮನೆಯವರು ಬಾಗಿಲು ತೆರೆದರು. ತೆರೆಯಲಿ. “ನಮ್ಮ ಶೆಡ್ಡಿನ ಇಪ್ಪತ್ತೆರಡು ಜನರ ಕೆಲಸ ಹೋಯ್ತು ಆ ಒಂದು ಲೈನಲ್ಲಿ. ಜಡ್ಜಸ್ ಬಂದ್ರೆ ಈ ಪತ್ರ ನಾನೇ ಅವರ ಕೈಗೆ ಕೊಡ್ತೀನಿ.”

ಮಂಡಿ ನೋವನ್ನು ಬೈಯುತ್ತ ಕ್ಲಬ್‌ಹೌಸಿಗೆ ಇಳಿದು ಹೋಗಿ, ಪಂಪಿನ ಬೋರ್ಡಿನ ಪಕ್ಕದ ಸ್ವಿಚ್ಚನ್ನು ನಾನೇ ಆರಿಸಿದೆ. ಮೇಲೆ ಬಂದು ಬಾಲ್ಕನಿಯಲ್ಲಿ ನಿಂತೆ. ಎದುರಿಗೆ ರೆಕ್ಕೆ ನಿಂತಿತ್ತು. ತಂತಿಯ ಮೇಲೆ ಸೆರಗೂ ಅಲುಗಲಿಲ್ಲ. ಮಾರ್ಚ್ ತಿಂಗಳಲ್ಲಿ ಅವೆರಡೂ ಒಂದೇ ಮಾತು ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.