ಕ್ವಿಂಟಾಲಕ್ಕ ಮತ್ತೆ ಏಣಿ ಹತ್ತಿದ್ದು

ಉಕ್ಕಿನ ಹಾಳೆಗಳನ್ನು ಕತ್ತರಿಸುವ ಆ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕ್ರೇನು ನಡೆಸಿದ ಹೆಂಗಸನ್ನು ಎಲ್ಲರೂ ಕ್ವಿಂಟಾಲಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರ ಬೇಸರವಿರಲಿಲ್ಲ. ನೂರು ಕೆ.ಜಿ. ದಾಟಿದ ಮೈ ತನ್ನದು, ಸುಳ್ಳೇನು ಹೇಳಿದರು ಎಂದು ನಗುತ್ತಿದ್ದಳು. ಚಾವಣಿಯ ಕೆಳಗೆ, ನೆಲದಿಂದ ಹದಿನಾಲ್ಕು ಮೀಟರು ಮೇಲಿದ್ದ ಗಾಜಿನ ಗೂಡಿನಲ್ಲಿ ಕೂತು ಅವಳು ಎಂಟು ಟನ್ನಿನ ಹಾಳೆಯ ಕಟ್ಟನ್ನು ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸುತ್ತಿದ್ದಳು. ಕೆಳಗೆ ಇರುವಾಗ ಅವಳಿಗೆ ಮಂಡಿ ನೋವು, ಏದುಸಿರು, ಕುರ್ಚಿ ಮುರಿದೀತೆಂಬ ಅಳುಕು. ಮೇಲೆ ಹೋಗಿ ಕೂತರೆ ಇಡೀ ಶೆಡ್ಡು ಅವಳ ಬೆರಳ ತುದಿಯಲ್ಲಿ.

ಫೋರ್ಮನ್ ಆರಡಿ ಎತ್ತರದ ಸಣಕಲು ಮನುಷ್ಯ. ನಡೆದರೆ ಅಂಗಿಯೊಳಗೆ ಗಾಳಿ ಮಾತ್ರ ಇದೆ ಅನ್ನಿಸುತ್ತಿತ್ತು. ಅವನಿಗೊಬ್ಬ ಭಾಮೈದ. ಎಲ್ಲಿ ಸೇರಿಸಿದರೂ ನಿಲ್ಲದೆ ಓಡಿಬರುತ್ತಿದ್ದ ಅವನಿಗೆ ಕ್ರೇನಿನ ಗೂಡೇ ಸರಿ ಎಂದು ಅಕ್ಕ, ಅಂದರೆ ಫೋರ್ಮನ್ನಿನ ಹೆಂಡತಿ, ಮನೆಯಲ್ಲಿ ಪಟ್ಟು ಹಿಡಿದಿದ್ದಳು.

ಒಂದು ಸೋಮವಾರ ಬೆಳಿಗ್ಗೆ, ಒಂದು ವಾರ ರಜೆ ಮುಗಿಸಿ ಬಂದ ಕ್ವಿಂಟಾಲಕ್ಕ ಏಣಿಯ ಬುಡಕ್ಕೆ ಬಂದಾಗ ಫೋರ್ಮನ್ ಅಡ್ಡ ನಿಂತ.

"ಅಕ್ಕಾ, ಮೇಲಿಂದ ಆರ್ಡರ್ ಬಂದಿದೆ. ಈ ಏಣಿ ತಡಿಯೋದು ನೂರಾ ಹತ್ತು ಕೆ.ಜಿ. ಮಾತ್ರ. ನಿಮ್ಮ ತೂಕ ಎಷ್ಟಿದೆ?"

"ಹನ್ನೊಂದು ವರ್ಷ ತಡಿದಿದೆಯಲ್ಲಪ್ಪ."

"ಅದೆಲ್ಲ ಬೇಡ. ನೋಡೇ ಬಿಡೋಣ."

ಅವನು ಕರೆದುಕೊಂಡು ಹೋದದ್ದು ಸರಕು ತೂಗುವ ಯಂತ್ರದ ಬಳಿಗೆ. ಕಬ್ಬಿಣದ ತುಂಡುಗಳನ್ನು ಎಸೆದು ಎಸೆದು ಅದರ ಹಲಗೆ ಸೊಟ್ಟಗಾಗಿತ್ತು. ಆ ಪಾಳಿಯ ಮೂವತ್ತು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವಳು ಹತ್ತಿ ನಿಂತಳು. "ನೂರಾ ಮೂವತ್ತೊಂದು!" ಎಂದು ಫೋರ್ಮನ್ ಹರಾಜು ಕೂಗುವವನ ದನಿಯಲ್ಲಿ ಕೂಗಿದ. ಆಗಲೇ ಬಂದು ನಿಂತಿದ್ದ ಭಾಮೈದ ಜೇಬಿನಿಂದ ಸೀಮೆಸುಣ್ಣ ತೆಗೆದು, ಸರಕಿನ ಮೇಲೆ ಬರೆಯುವ ಹಾಗೆ ಪಕ್ಕದ ಕಂಬದ ಮೇಲೆ ಅಂಕಿ ಬರೆದ. ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕ ಮೇಲೆ ಉಳಿದವರಿಗೇನು, ಶೆಡ್ಡಿಗೆ ಶೆಡ್ಡೇ ನಕ್ಕಿತು.

ಅವಳು ಅಳಲಿಲ್ಲ. ಫೋರ್ಮನ್ನಿನ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿಕೊಂಡಳು. ಅಂದಿನಿಂದ ಅವಳಿಗೆ ಸಾಮಾನು ಕೋಣೆಯಲ್ಲಿ ಕೈಗವಸು, ಬೋಲ್ಟು ಕೊಡುವ ಕೆಲಸ. ಕ್ರೇನಿನ ಗೂಡಿನಲ್ಲಿ ಭಾಮೈದ.

ಅವಳ ಗಂಡ ಬೇಕರಿಯಲ್ಲಿ ಒಲೆ ನೋಡುವವನು. ಮಾತು ಕಡಿಮೆ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಬಂದರೂ ಅದು ಬಿಸಿ ಬನ್ನಿನ ರೂಪದಲ್ಲೇ ಮನೆಗೆ ಬರುತ್ತಿತ್ತು. ಆ ಸಂಜೆಯೂ ಬೆಣ್ಣೆ ಸವರಿದ ನಾಲ್ಕು ಬನ್ನು ತಂದು ಮುಂದಿಟ್ಟ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ರೀ, ನಾನು ಆಪರೇಷನ್ ಮಾಡಿಸ್ಕೋತೀನಿ. ಹೊಟ್ಟೆ ಚಿಕ್ಕದು ಮಾಡೋದು."

"ಡಾಕ್ಟ್ರು ಎರಡು ವರ್ಷದಿಂದ ಬಡ್ಕೋತಾ ಇದ್ರು. ಶುಗರ್ ಬಂದಿದೆ, ಮಂಡಿ ಸವೆದಿದೆ ಅಂತ. ಆಗೆಲ್ಲ ಬೇಡ ಅಂದೆ."

"ಆಗ ನಂಗೋಸ್ಕರ ಮಾಡಿಸ್ಕೋಬೇಕಿತ್ತು, ಅದಕ್ಕೆ ಬೇಡ ಅಂದೆ. ಈಗ ಆ ಫೋರ್ಮನ್‌ಗೋಸ್ಕರ. ಆ ಏಣಿ ಹತ್ತಿ ಅವನ ನೆತ್ತಿ ಮೇಲೆ ಕೂರ್ಬೇಕು ನಾನು."

ಆಸ್ಪತ್ರೆಯವರು ಇವತ್ತು ಬಂದವರನ್ನು ನಾಳೆ ಮಲಗಿಸಿ ಕೊಯ್ಯುವುದಿಲ್ಲ. ಆರು ತಿಂಗಳು ಅಲೆಸಿದರು. ರಕ್ತ, ಹೃದಯ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂಬ ಪರೀಕ್ಷೆ. ಆಹಾರ ತಜ್ಞೆ ಚಿಕ್ಕ ವಯಸ್ಸಿನವಳು, ನಾಲಗೆ ಮಾತ್ರ ಹಳೆ ಹೆಡ್ಮಾಸ್ತರದ್ದು. ಚಮಚ ಚಿಕ್ಕದಾಗಬೇಕು, ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು, ದಿನಾ ನಡೆಯಬೇಕು. ಇದನ್ನೆಲ್ಲ ಆಪರೇಷನ್ನಿಗೆ ಮೊದಲೇ ರೂಢಿ ಮಾಡಿಕೊಳ್ಳಬೇಕು ಎಂದಳು.

"ಆಪರೇಷನ್ ಹೊಟ್ಟೆಗೆ ಮಾಡ್ತೀವಿ ಅಕ್ಕಾ, ನಿಮ್ಮ ಅಭ್ಯಾಸಕ್ಕಲ್ಲ. ಅದನ್ನ ನೀವೇ ಕತ್ತರಿಸ್ಕೋಬೇಕು. ಅಂದ ಹಾಗೆ, ಯಾಕೆ ಮಾಡಿಸ್ಕೋತಾ ಇದ್ದೀರಿ?"

"ಆರೋಗ್ಯಕ್ಕೆ" ಎಂದಳು ಕ್ವಿಂಟಾಲಕ್ಕ, ಕಣ್ಣು ಮಿಟುಕಿಸದೆ.

ಅವಳು ಅಗಿದದ್ದೇ ಬೇರೆ. ಒಂದೊಂದು ತುತ್ತಿಗೂ ಫೋರ್ಮನ್ನಿನ ಒಂದೊಂದು ಎಲುಬು ಎಂದುಕೊಂಡು ಇಪ್ಪತ್ತು ಸಲ ಎಣಿಸಿ ಅಗಿದಳು. ಗಂಡ ಬೇಕರಿಯಿಂದ ಬಂದವನು ವಾಸನೆ ಹೋಗಲಿ ಎಂದು ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಒಳಗೆ ಬರಲು ಶುರು ಮಾಡಿದ. ಕೊನೆಯ ಎರಡು ವಾರ ಬರೀ ದ್ರವಾಹಾರ. ಪಿತ್ತಜನಕಾಂಗ ಕುಗ್ಗಿದರೆ ಮಾತ್ರ ಡಾಕ್ಟರ ಕೈಗೆ ಒಳಗೆ ಜಾಗ ಸಿಗುತ್ತದಂತೆ. ಐದನೆಯ ದಿನ ತಲೆ ಸಿಡಿಯತೊಡಗಿ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಮುಚ್ಚಿ ಮಾಡಿದಳು. ಒಂದು ಬಿಸ್ಕತ್ತು ಬಾಯಿಯವರೆಗೂ ಬಂದಿತ್ತು. ಆಗ ಕಿವಿಯಲ್ಲಿ "ನೂರಾ ಮೂವತ್ತೊಂದು!" ಎಂದು ಕೇಳಿಸಿತು. ಬಿಸ್ಕತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

ಹೊಟ್ಟೆಯ ಚೀಲದ ಮುಕ್ಕಾಲು ಪಾಲನ್ನು ತೆಗೆದುಹಾಕಿದರು. ಎಚ್ಚರವಾದಾಗ ಎದೆಯ ಕೆಳಗೆ ಯಾರೋ ಮೊಣಕಾಲೂರಿ ಕೂತಂತೆ ನೋವು. ಸಂಜೆಯೇ ನರ್ಸು ಎಬ್ಬಿಸಿ ವರಾಂಡದಲ್ಲಿ ನಡೆಸಿದಳು. ಔಷಧಿ ಅಳೆಯುವ ಪುಟ್ಟ ಬಟ್ಟಲಿನಲ್ಲಿ ನೀರು, ಅದನ್ನೂ ಗುಟುಕು ಗುಟುಕಾಗಿ ಕಾಲು ಗಂಟೆ. ಎರಡು ವಾರ ನೀರಿನಂಥದ್ದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಮೊದಲ ಸಲ ಮೊಟ್ಟೆ ತಿಂದ ದಿನ ಅರ್ಧಕ್ಕೇ ಹೊಟ್ಟೆ ಸಾಕು ಎಂದಿತು. ಜೀವನದಲ್ಲಿ ಅವಳ ಹೊಟ್ಟೆ ಆ ಮಾತು ಹೇಳಿದ್ದು ಅದೇ ಮೊದಲು. ತಬ್ಬಿಬ್ಬಾಗಿ ಅವಳು ಉಳಿದರ್ಧ ಮೊಟ್ಟೆಯನ್ನೇ ನೋಡುತ್ತ ಕೂತಳು. ಒಂದು ದಿನ ಆಸೆ ತಡೆಯದೆ ಗಂಡನ ತಟ್ಟೆಯಿಂದ ಕೇಕಿನ ಚೂರು ಎತ್ತಿ ನುಂಗಿದ್ದಕ್ಕೆ ಎದೆ ಡವಗುಟ್ಟಿ, ಬೆವರು ಕಿತ್ತು, ಒಂದು ಗಂಟೆ ಹಾಸಿಗೆ ಹಿಡಿದಳು. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ತಿಂಗಳು ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು. ತೋಳಿನ ಚರ್ಮ ಖಾಲಿ ಚೀಲದಂತೆ ಜೋತುಬಿತ್ತು. ಅವಳು ಕನ್ನಡಿಯ ಮುಂದೆ ನಿಂತು, "ಇದೂ ನಿನ್ನ ಲೆಕ್ಕಕ್ಕೇ" ಎಂದು ಅಲ್ಲಿಲ್ಲದ ಫೋರ್ಮನ್ನಿಗೆ ಹೇಳಿದಳು.

ಏಳನೆಯ ತಿಂಗಳು ತೊಂಬತ್ತೆಂಟಕ್ಕೆ ಬಂದಳು. ಮತ್ತೆ ಏಣಿ ಹತ್ತಬಹುದೆಂದು ಡಾಕ್ಟರು ಆಗಷ್ಟೇ ಕೊಟ್ಟ ಪ್ರಮಾಣಪತ್ರ ಹಿಡಿದು ಹೋದರೆ ಫೋರ್ಮನ್, "ಜಾಗ ಖಾಲಿ ಇಲ್ಲವಲ್ಲ ಅಕ್ಕಾ" ಎಂದ. ಅವಳು ಸಾಮಾನು ಕೋಣೆಗೆ ಹಿಂದಿರುಗಿದಳು. ಮೂರು ವಾರಕ್ಕೆ ಭಾಮೈದ ಹೇಳದೆ ಕೇಳದೆ ರಜೆ ಹಾಕಿದ. ಆವತ್ತು ಹೊರಡಬೇಕಾದ ಸರಕು ಬಾಗಿಲಲ್ಲೇ ಬಿದ್ದಿತ್ತು, ಬೇರೆ ಗತಿಯಿರಲಿಲ್ಲ. "ಇವತ್ತೊಂದು ದಿನ ಹತ್ತಿ" ಎಂದ ಫೋರ್ಮನ್.

ಅವಳು ಹತ್ತಿದಳು. ಮೊದಲೆಲ್ಲ ಅರ್ಧ ದಾರಿಯಲ್ಲಿ ಕಂಬಿ ಹಾಕಿದ ಹಲಗೆಯ ಮೇಲೆ ನಿಂತು ಐದು ನಿಮಿಷ ಉಸಿರು ತೆಗೆದುಕೊಳ್ಳಬೇಕಿತ್ತು. ಈಗ ಅಲ್ಲಿ ಸುಮ್ಮನೆ ಹಳೆಯ ರೂಢಿಗೆ ನಿಂತಳು. ಕಂಬಿಗೆ ಕೈಯಿಟ್ಟರೆ ಬೆರಳಿಗೆ ಏನೋ ತಡೆಯಿತು. ಅಲ್ಲೊಂದು ಹಿತ್ತಾಳೆಯ ಫಲಕವಿದ್ದದ್ದು ಅವಳಿಗೆ ನೆನಪಿತ್ತು. ಹನ್ನೊಂದು ವರ್ಷ ಅದಕ್ಕೊರಗಿ ಏದುಸಿರು ಬಿಟ್ಟಿದ್ದಳೇ ಹೊರತು ಒಂದು ದಿನವೂ ಓದಿರಲಿಲ್ಲ. ಈಗ ಅದರ ಮೇಲೆ ಬೂದು ಬಣ್ಣ ಬಳಿದಿತ್ತು. ಇಡೀ ಏಣಿಗೆ ಬಣ್ಣವಿಲ್ಲ, ಅಂಗೈಯಗಲದ ಅಷ್ಟು ಜಾಗಕ್ಕೆ ಮಾತ್ರ. ಮನೆಯ ಬೀಗದ ಕೈ ತೆಗೆದು ಕೆರೆದಳು. ಅಕ್ಷರ ಎದ್ದುಬಂತು. ಏಣಿ ಹೊರುವ ಭಾರ: ನೂರೈವತ್ತು ಕೆ.ಜಿ.

ನೂರಾ ಮೂವತ್ತೊಂದಕ್ಕೂ ಆ ಏಣಿ ಏನೂ ಅನ್ನುತ್ತಿರಲಿಲ್ಲ. ಆಪರೇಷನ್ನಿನಿಂದ ಅವಳ ಶುಗರ್ ಇಳಿದಿತ್ತು, ಮಂಡಿ ಮಾತು ಕೇಳುತ್ತಿತ್ತು, ಮಾಡಿಸಿಕೊಂಡದ್ದರ ಬಗ್ಗೆ ದುಃಖವಿರಲಿಲ್ಲ. ಆದರೆ ಅದು ಅವಳು ತನ್ನಷ್ಟಕ್ಕೆ ಯೋಚಿಸಿ ಇಡಬೇಕಾಗಿದ್ದ ಹೆಜ್ಜೆ. ಫೋರ್ಮನ್ ಒಂದು ಡಬ್ಬಿ ಬಣ್ಣದಲ್ಲಿ ಅವಳನ್ನು ತಳ್ಳಿದ್ದ, ಅದೂ ಮೂವತ್ತು ಜನರ ನಗುವಿನ ನಡುವೆ.

ಕೆಳಗಿಳಿದು ಅವನ ಕತ್ತಿನ ಪಟ್ಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಆ ದಿನದ ಕೆಲಸವನ್ನು ಒಂದು ಹಾಳೆಗೂ ಗೀರು ಬೀಳದಂತೆ ಮುಗಿಸಿ, ಇಳಿಯುವಾಗ ಫಲಕದ ಫೋಟೊ ತೆಗೆದುಕೊಂಡು ನೇರ ಮ್ಯಾನೇಜರ ಕೋಣೆಗೆ ಹೋದಳು.

ವಿಚಾರಣೆಗೆ ಎರಡು ದಿನವೂ ಹಿಡಿಯಲಿಲ್ಲ. ಅಂಥ ಆರ್ಡರ್ ಮೇಲಿನಿಂದ ಬಂದೇ ಇರಲಿಲ್ಲ. ಅವಳು ರಜೆಯಲ್ಲಿದ್ದ ವಾರವೇ ಬಣ್ಣ ಬಳಿದದ್ದು ತಾನೇ ಎಂದು ಫೋರ್ಮನ್ ಒಪ್ಪಿಕೊಂಡ. ಭಾಮೈದನನ್ನು ಕೆಲಸ ಬಿಡಿಸಿ ಕಳಿಸಿದರು. ಮ್ಯಾನೇಜರು ಕ್ವಿಂಟಾಲಕ್ಕನನ್ನು ಕೂರಿಸಿಕೊಂಡು, "ಈ ಫೋರ್ಮನ್ನನ್ನೂ ಕೆಲಸದಿಂದ ತೆಗೆದುಬಿಡ್ತೀನಿ" ಎಂದರು.

"ಬೇಡ ಸಾರ್. ತೆಗೀಬೇಡಿ."

"ನಿಮ್ಮದು ದೊಡ್ಡ ಮನಸ್ಸಮ್ಮ."

"ಕೆಲಸ ಇರಲಿ, ಫೋರ್ಮನ್‌ಗಿರಿ ಬೇಡ. ನನ್ನ ಕೊಕ್ಕೆ ಕೆಳಗೆ ಸಿಗ್ನಲ್ ತೋರಿಸೋಕೆ ಹಾಕಿ. ಸರಪಳಿ ಕಟ್ಟಲಿ, ಬಿಚ್ಚಲಿ."

ಮ್ಯಾನೇಜರು ಅವಳ ಮುಖವನ್ನೊಮ್ಮೆ ನೋಡಿ, ದೊಡ್ಡ ಮನಸ್ಸಿನ ಮಾತನ್ನು ಅಲ್ಲಿಗೇ ಬಿಟ್ಟರು.

ಅಂದಿನಿಂದ ಫೋರ್ಮನ್ನಾಗಿದ್ದವನು ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತೆತ್ತಿ ಅವಳನ್ನೇ ನೋಡಬೇಕು. ಕೈ ಮೇಲೆತ್ತಿ ಎತ್ತು ಎನ್ನಬೇಕು, ಕೆಳಗೆ ಮಾಡಿ ಇಳಿಸು ಎನ್ನಬೇಕು. ಅವಳು ನಿಯಮ ಮುರಿದವಳಲ್ಲ, ಅವನ ನೆತ್ತಿಯ ಮೇಲೆ ಒಂದು ದಿನವೂ ಭಾರ ತೂಗಾಡಿಸಲಿಲ್ಲ. ಸುಮ್ಮನೆ ನಡೆಸಿದಳು. ಒಂದು ಕಟ್ಟನ್ನು ಉತ್ತರದ ಮೂಲೆಗೆ ಒಯ್ದರೆ ಮುಂದಿನದನ್ನು ದಕ್ಷಿಣದ ಮೂಲೆಗೆ. ಕ್ರೇನು ಹೋದಲ್ಲೆಲ್ಲ ಅವನೂ ಓಡಬೇಕು. ಸಂಜೆ ಅವನು ಕಂಬಕ್ಕೊರಗಿ ಕತ್ತು ನೀವಿಕೊಳ್ಳುವುದು ಗಾಜಿನೊಳಗಿನಿಂದ ಕಾಣುತ್ತಿತ್ತು. ಅದನ್ನು ನೋಡಿದ ದಿನ ಅವಳಿಗೆ ಹಾಸಿಗೆಗೆ ತಲೆ ಕೊಟ್ಟೊಡನೆ ನಿದ್ದೆ.

ಅಷ್ಟಕ್ಕೂ ಅವಳ ಸೇಡು ತಣಿಯಲಿಲ್ಲ. ಅವನ ತೂಕ ಅರವತ್ತೆಂಟು ಎಂದು ಯಾರೋ ಹೇಳಿದ್ದರು. ಅರವತ್ತೇಳಕ್ಕೆ ಇಳಿದೇ ತೀರುತ್ತೇನೆ ಎಂದು ಹಟ ಹಿಡಿದಳು. ಇರುವ ಪುಟ್ಟ ಊಟವನ್ನೇ ಬಿಡತೊಡಗಿದಳು. ಮೊಟ್ಟೆ ಬಿಟ್ಟಳು, ಮೊಸರು ಬಿಟ್ಟಳು, ಆಪರೇಷನ್ನಿನ ನಂತರ ದಿನಾ ನುಂಗಬೇಕಿದ್ದ ಮಾತ್ರೆ ಮರೆತಳು. ಎಪ್ಪತ್ತೊಂಬತ್ತಕ್ಕೆ ಬಂದಾಗ ಒಂದು ಮಧ್ಯಾಹ್ನ ಗೂಡಿನಲ್ಲಿ ಕಣ್ಣು ಕತ್ತಲೆ ಬಂತು. ಕೊಕ್ಕೆಯಲ್ಲಿ ಐದು ಟನ್ನಿತ್ತು. ತುಟಿ ಕಚ್ಚಿ, ಕೈ ಹೇಗೋ ಸ್ಥಿರ ಮಾಡಿಕೊಂಡು ಭಾರವನ್ನು ನೆಲಕ್ಕೆ ಮುಟ್ಟಿಸಿದಳು. ಕಟ್ಟು ಒಂದು ಸಲ ತೂಗಿದ್ದನ್ನು ಅವನು ಕೆಳಗಿನಿಂದ ಕಂಡಿದ್ದ.

"ಅಕ್ಕಾ, ಹುಷಾರಾ? ಏನಾದ್ರೂ ತಿಂದ್ರಾ?" ಎಂದು ಕೂಗಿದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಕನಿಕರವಿತ್ತು.

ಮೂವತ್ತು ಜನ ನಕ್ಕಾಗಲೂ ಅವಳ ಮೈ ಅಷ್ಟು ಉರಿದಿರಲಿಲ್ಲ. ಇವನ ಬಾಯಲ್ಲಿ ಕನಿಕರ!

ಮಾರನೆಯ ದಿನವೇ ಆಹಾರ ತಜ್ಞೆಯ ಮುಂದೆ ಕೂತಳು. ರಕ್ತದ ವರದಿ ನೋಡಿದ ಆ ಹುಡುಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಕಬ್ಬಿಣದಂಶ ತಳ ಹಿಡಿದಿದೆ. ಹದಿನಾಲ್ಕು ಮೀಟರ್ ಮೇಲೆ ಕೂರೋ ಹೆಂಗಸಿನ ರಕ್ತವೇ ಇದು? ಯಾರ ಮೇಲಿನ ಕೋಪ ಇದು ಅಕ್ಕಾ? ಈ ಸಲವಾದ್ರೂ ನಿಜ ಹೇಳಿ."

ಹೇಳಿದಳು. ಸೀಮೆಸುಣ್ಣ, ಬಣ್ಣ, ಅರವತ್ತೆಂಟು, ಎಲ್ಲ. ತಜ್ಞೆ ಬುದ್ಧಿ ಹೇಳುತ್ತಾಳೆ, ಕ್ಷಮಿಸಿಬಿಡಿ ಅನ್ನುತ್ತಾಳೆ ಎಂದು ಕಾದಳು. ಹುಡುಗಿ ಕನ್ನಡಕ ಎತ್ತಿ ಮತ್ತೆ ಹಾಕಿಕೊಂಡಳು.

"ಅವನ ಮೇಲಿನ ಸಿಟ್ಟನ್ನ ಬಿಡಿಸೋಕೆ ನನ್ನ ಹತ್ರ ಮಾತ್ರೆ ಇಲ್ಲ. ಆದ್ರೆ ನೀವು ಬಿದ್ದು ಸತ್ರೆ ಅವನು ಮತ್ತೆ ಫೋರ್ಮನ್ ಆಗ್ತಾನೆ. ಅದು ಬೇಕಾ?"

ಈ ದಿಕ್ಕಿನಲ್ಲಿ ಕ್ವಿಂಟಾಲಕ್ಕ ಯೋಚಿಸಿಯೇ ಇರಲಿಲ್ಲ.

ಅವಳು ಮನೆಗೆ ಬಂದಾಗ ಕೈಯಲ್ಲೊಂದು ಚೀಟಿಯಿತ್ತು. ದಿನಕ್ಕೆ ಐದು ಪುಟ್ಟ ಊಟ, ಮೊದಲು ಮೊಟ್ಟೆ, ಮೀನು, ಮೊಸರು, ಆಮೇಲೆ ಉಳಿದದ್ದು. ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆ. ಮಾತ್ರೆ ಜೀವನಪರ್ಯಂತ. ಕೆಳಗೆ ಮ್ಯಾನೇಜರಿಗೆ ಎರಡು ಸಾಲು: ಇವರಿಗೆ ಹನ್ನೊಂದು ಗಂಟೆಗೂ ಮೂರು ಗಂಟೆಗೂ ಕೂತಲ್ಲೇ ನಿಧಾನವಾಗಿ ತಿನ್ನಲು ಇಪ್ಪತ್ತು ನಿಮಿಷ ಬಿಡುವು ಕೊಡತಕ್ಕದ್ದು.

ಶೆಡ್ಡಿನ ಇನ್ನೊಂದು ನಿಯಮ ಅವಳಿಗೆ ಬಾಯಿಪಾಠವಾಗಿತ್ತು: ಕ್ರೇನು ಚಾಲೂ ಇರುವಷ್ಟು ಹೊತ್ತು ಸಿಗ್ನಲ್ಲಿನವನು ಕೊಕ್ಕೆಯ ಪಕ್ಕ ಬಿಟ್ಟು ಹೋಗುವಂತಿಲ್ಲ. ಹನ್ನೊಂದು ಗಂಟೆಗೆ ಭಾರ ಇಳಿಸಿ, ಸ್ವಿಚ್ಚು ಆರಿಸದೆ, ಮಡಿಲಲ್ಲಿ ಡಬ್ಬಿ ಬಿಚ್ಚುತ್ತಿದ್ದಳು. ಬೇಯಿಸಿದ ಮೀನಿನ ಒಂದು ಎಸಳು. ಇಪ್ಪತ್ತು ಸಲ ಅಗಿಯುವುದು. ಇನ್ನೊಂದು ಎಸಳು. ಕೆಳಗೆ ಅವನು ಕೊಕ್ಕೆಯ ಪಕ್ಕದಲ್ಲಿ ಕತ್ತೆತ್ತಿ ನಿಂತಿರುತ್ತಿದ್ದ. ತಜ್ಞೆ ಹೇಳಿದ್ದರಲ್ಲಿ ಒಂದು ಅಗಿತವನ್ನೂ ಅವಳು ಕಡಿಮೆ ಮಾಡಲಿಲ್ಲ. ಮೂರು ತಿಂಗಳಲ್ಲಿ ರಕ್ತ ಸರಿಹೋಯಿತು, ಹಣೆಯ ಅಂಚಿನಲ್ಲಿ ಹೊಸ ಕೂದಲು ಚಿಗುರಿತು. ತೂಕ ಎಪ್ಪತ್ತೇಳಕ್ಕೆ ಬಂದು ನಿಂತಿತು. ಅವಳೂ ಅದನ್ನು ಅಲ್ಲಿಗೇ ಬಿಟ್ಟಳು.

ಸಿಗ್ನಲ್ ಕೆಲಸದ ಎರಡನೆಯ ವರ್ಷದ ಕೊನೆಗೆ ಅವನು ತಡೆಯಲಾರದೆ ಇನ್ನೊಂದು ಶೆಡ್ಡಿಗೆ ವರ್ಗ ಕೇಳಿ ಅರ್ಜಿ ಹಾಕಿದ. ಅವನ ಕೆಲಸದ ಬಗ್ಗೆ ಕ್ರೇನಿನವರ ಅಭಿಪ್ರಾಯ ಬೇಕೆಂದು ಕಾಗದ ಅವಳ ಬಳಿಗೇ ಬಂತು. ಕೆಟ್ಟದಾಗಿ ಬರೆದರೆ ಇಲ್ಲಿಂದ ಸಾಗಹಾಕಿಬಿಡುತ್ತಾರೆ, ಅವನಿಗೆ ಬೇಕಾದದ್ದೂ ಅದೇ. ಅವಳು ಊಟದ ಮೇಜಿನ ಮುಂದೆ ಕೂತು, ಗಂಡನ ಹತ್ತಿರ ಕಾಗುಣಿತ ಕೇಳಿ ಕೇಳಿ, ದುಂಡಗೆ ಬರೆದಳು: ಇಂಥ ಕಟ್ಟುನಿಟ್ಟಿನ, ಎಚ್ಚರದ ಕೆಲಸಗಾರ ಸಿಗುವುದು ಕಷ್ಟ. ಇವರಿಲ್ಲದೆ ನಮ್ಮ ಶೆಡ್ಡಿನ ಸುರಕ್ಷತೆಗೆ ಧಕ್ಕೆಯಾದೀತು. ದಯವಿಟ್ಟು ಬಿಟ್ಟುಕೊಡಬಾರದು.

ಅರ್ಜಿ ವಾಪಸು ಬಂತು. ಮ್ಯಾನೇಜರು ಅವನ ಬೆನ್ನು ಬೇರೆ ತಟ್ಟಿದರಂತೆ. ಅವನು ಏಣಿಯ ಬುಡದಲ್ಲಿ ಅವಳನ್ನು ಕಾದು ನಿಂತಿದ್ದ.

"ಅಷ್ಟೊಂದು ಹೊಗಳಿ ಬರೆದಿದ್ದೀರಂತೆ ಅಕ್ಕಾ."

"ಬರೆದಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲಪ್ಪ. ಈಗ ಒಳ್ಳೆ ಕೆಲಸಗಾರ ಆಗಿದ್ದೀಯ."

"ನಾನು ಮಾಡಿದ್ದು ತಪ್ಪು. ಕೈ ಮುಗೀತೀನಿ. ಇನ್ನಾದ್ರೂ ಬಿಟ್ಟುಬಿಡಿ."

ಅವನು ನಿಜವಾಗಿಯೂ ಕೈ ಮುಗಿದ. ಅವಳು ಕೈಗವಸು ಏರಿಸಿಕೊಂಡು, ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಂಡಳು. ಒಳಗೆ ಏನಾದರೂ ಕರಗುತ್ತದೆಯೇ ಎಂದು ನೋಡಿಕೊಂಡಳು. ಏನೂ ಕರಗಲಿಲ್ಲ.

"ಹೋಗು, ಜಾಗಕ್ಕೆ ನಿಂತ್ಕೋ. ಲಾರಿ ಬಂದಿದೆ" ಎಂದು ಹೇಳಿ ಏಣಿ ಹತ್ತಿದಳು.

ಆ ಸಂಜೆ ಗಂಡ ಕೇಳಿದ. "ಇನ್ನೂ ಎಷ್ಟು ದಿನ ಇದು?"

"ಅವನು ರಿಟೈರ್ ಆಗೋಕೆ ಏಳು ವರ್ಷ ಇದೆ."

"ಏಳು ವರ್ಷಾನಾ!"

"ಹೂಂ ರೀ. ಅಲ್ಲಿವರೆಗೆ ನಾನು ಗಟ್ಟಿಯಾಗಿರ್ಬೇಕು" ಎಂದು ಅವಳು ಅಂದಿನ ಮಾತ್ರೆ ನುಂಗಿ, ಚಪ್ಪಲಿ ಮೆಟ್ಟಿ, ನಡಿಗೆಗೆ ಹೊರಟಳು.