ಛತ್ರದಯ್ಯ ನಡೆಸಿದ ಆಕಾಶದ ಛತ್ರ

ಕಂಪ್ಯೂಟರ್ ಪರದೆಗೆ ವಾಸನೆ ಇರುವುದಿಲ್ಲ. ಆದರೂ ಹೋದ ತಿಂಗಳು ಒಂದು ಭಾನುವಾರ, ನಾಗಮಂಗಲದ ನಮ್ಮ ಮನೆಯಲ್ಲಿ, ಮಗ ಹೊಸದಾಗಿ ಹಾಕಿಕೊಂಡಿದ್ದ ಆಟವನ್ನು ಅವನ ಹಿಂದೆ ನಿಂತು ಬಗ್ಗಿ ನೋಡಿದಾಗ ನನ್ನ ಮೂಗಿಗೆ ಫಿನಾಯಿಲು, ಒದ್ದೆ ಎಳ್ಳು, ಊದುಬತ್ತಿ ಮೂರೂ ಒಟ್ಟಿಗೆ ಬಡಿದವು. ಪರದೆಯ ಮೇಲಿದ್ದದ್ದು ಆಕಾಶದಲ್ಲಿ ತೇಲುವ ಒಂದು ನಿಲ್ದಾಣ, ಬಳೆಯ ಹಾಗೆ ದುಂಡಗೆ. ಅದರೊಳಗೆ ಬೇರೆ ಬೇರೆ ಲೋಕದಿಂದ ಬಂದ ವಿಚಿತ್ರ ಜೀವಿಗಳು ಮಲಗಲು ಜಾಗ, ತಿನ್ನಲು ಊಟ, ಮೈ ತೊಳೆಯಲು ನೀರು ಹುಡುಕಿಕೊಂಡು ಓಡಾಡುತ್ತಿದ್ದವು. ಅವಕ್ಕೆಲ್ಲ ಅನುಕೂಲ ಮಾಡಿಕೊಡುವುದೇ ಆಟ.

ಇದು ಹಳೇ ಕಾಲದ ಆಟವಂತೆ, ಈಗ ಮತ್ತೆ ಹೊಸದಾಗಿ ಮಾಡಿದ್ದಾರಂತೆ ಎಂದು ಮಗ ನನಗೆ ತಿಳಿಸಿ ಹೇಳಿದ. ಆ ಹಳೆಯದನ್ನು ನಾನು ಬಲ್ಲೆ… ಶ್ರೀರಂಗಪಟ್ಟಣದ ಹೊಳೆದಂಡೆಯ ಒಂದು ಛತ್ರದಲ್ಲಿ, ಸತ್ತವರ ಬೂದಿ ಬಿಡಲು ಬಂದವರು ಇಳಿದುಕೊಳ್ಳುವ ಛತ್ರದಲ್ಲಿ, ಅದನ್ನು ನೋಡಿದ್ದೆ.

ನಮ್ಮೂರು ಪಾಂಡವಪುರದ ಕಡೆ. ಅಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದ ಮೊದಲನೇ ಆಳು ನಾನು, ಅದೂ ಹೆಣ್ಣುಮಗಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಸುಲಭಕ್ಕೆ ಸಿಕ್ಕಿದ್ದಲ್ಲ ಅದು. ಓದುವ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಅತ್ತೆಯ ಮನೆಯಲ್ಲಿದ್ದೆ. ಗಂಡನಿಲ್ಲದ ಅತ್ತೆ ಆ ಛತ್ರದಲ್ಲಿ ತರಕಾರಿ ಹೆಚ್ಚುವುದು, ಕೋಣೆ ತೊಳೆಯುವುದು ಮಾಡುತ್ತಿದ್ದಳು. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗಿ, ಅವಳ ಕೆಲಸ ಮುಗಿಯುವವರೆಗೂ ಕಾದಿದ್ದು, ಇಬ್ಬರೂ ಒಟ್ಟಿಗೆ ಮನೆಗೆ ಬರುತ್ತಿದ್ದೆವು.

ಛತ್ರ ನೋಡಿಕೊಳ್ಳುತ್ತಿದ್ದವರನ್ನು ಊರೆಲ್ಲ ಛತ್ರದಯ್ಯ ಎನ್ನುತ್ತಿತ್ತು. ನಾನು ಅಯ್ಯ ಎನ್ನುತ್ತಿದ್ದೆ. ಸಣಕಲು ಆಳು, ಬಿಳಿ ಪಂಚೆ, ತೋಳು ಮಡಚದ ಅಂಗಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಬೆಳಗಾದರೆ ಕಾರು, ಟೆಂಪೊ, ಬಸ್ಸುಗಳಲ್ಲಿ ಬೂದಿಯ ಮಡಕೆ ಹಿಡಿದುಕೊಂಡು ಜನ ಬರುತ್ತಿದ್ದರು. ಅಯ್ಯ ಅವರಿಗೆ ಕೋಣೆ ತೋರಿಸಿ, ಪುರೋಹಿತರನ್ನು ಕರೆಸಿ, ಬಿಸಿನೀರು ಕಾಯಿಸಿ, ಕರ್ಮ ಮುಗಿಸಿ ಬಂದವರಿಗೆ ಎಲೆ ಹಾಕಿಸುತ್ತಿದ್ದರು. ಆದರೆ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಸತ್ತವರು ಯಾರು, ಹೆಂಗೆ ಹೋದರು, ನಿಮಗೇನು ಬೇಕು… ಯಾವುದೂ ಇಲ್ಲ. ಬಂದವರು ಬಾಯಿ ಬಿಟ್ಟರೆ ಮತ್ತೆ ಅಳು ಬರುತ್ತದೆ, ನೋಡಿ ತಿಳಿದುಕೊಳ್ಳಬೇಕು ಅಷ್ಟೇ ಎಂದು ಕೆಲಸದವರಿಗೂ ಕಟ್ಟುನಿಟ್ಟು ಮಾಡಿದ್ದರು. ಹೊರಡುವವರು ಹೋಗಿಬರ್ತೀವಿ ಅನ್ನುವ ಹಾಗಿರಲಿಲ್ಲ, ಅಯ್ಯನೂ ಹೋಗಿಬನ್ನಿ ಅನ್ನುವ ಹಾಗಿರಲಿಲ್ಲ. ಸಾವಿನ ಜಾಗಕ್ಕೆ ಮತ್ತೆ ಬನ್ನಿ ಅನ್ನಬಾರದಲ್ಲ. ಜನ ಬೆನ್ನು ತಿರುಗಿಸಿ ಮಾತಿಲ್ಲದೆ ಹೋಗುತ್ತಿದ್ದರು. ಅಯ್ಯ ಹಿಂದಿನಿಂದ ಬಕೆಟ್ಟು ಹಿಡಿದು ಕೋಣೆಗೆ ಹೋಗುತ್ತಿದ್ದರು.

ಆಟ ಬಂದದ್ದು ಅಂಥವರಲ್ಲೊಬ್ಬರಿಂದ. ದೂರದಿಂದ ತಾಯಿಯ ಬೂದಿ ತಂದಿದ್ದ ಒಬ್ಬ ಹುಡುಗ, ಮೀಸೆ ಈಗ ಮೂಡುತ್ತಿದ್ದ ವಯಸ್ಸು, ಛತ್ರದ ಆಫೀಸಿನಲ್ಲಿದ್ದ ಕಂಪ್ಯೂಟರಿಗೆ ತನ್ನ ಸಿ.ಡಿ. ಹಾಕಿ ಎರಡು ದಿನ ಅದರ ಮುಂದೆಯೇ ಕೂತಿದ್ದನಂತೆ. ಅಯ್ಯ ಬೇಡ ಅನ್ನಲಿಲ್ಲ. ಅವನ ಊಟದ ತಟ್ಟೆಯನ್ನೂ ಅಲ್ಲಿಗೇ ಕಳಿಸಿದರು. ಹೊರಡುವಾಗ ಅವನು ಸಿ.ಡಿ.ಯನ್ನು ಮೇಜಿನ ಮೇಲೆ ಬಿಟ್ಟು, ಮಾತಾಡದೆ ಹೋಗಿ ಕಾರು ಹತ್ತಿದನಂತೆ. ಆ ಛತ್ರದಲ್ಲಿ ಯಾರಾದರೂ ಏನಾದರೂ ಕೊಟ್ಟು ಹೋದದ್ದು ಅದೊಂದೇ ಎಂದು ಅತ್ತೆ ಹೇಳುತ್ತಿದ್ದಳು.

ಊಟದ ಸದ್ದಡಗಿ, ನೆಲ ಒರೆಸಿದ ಮೇಲೆ, ಅಯ್ಯ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಆ ಆಟದಲ್ಲಿ ಶತ್ರುಗಳೂ ಬರುತ್ತಿದ್ದವು, ಯುದ್ಧವೂ ಇತ್ತು. ಅಯ್ಯ ಅದರ ಗೊಡವೆಗೆ ಹೋಗದೆ, ಕಾದಾಟವಿಲ್ಲದ ಆಟವನ್ನೇ ಆರಿಸಿಕೊಳ್ಳುತ್ತಿದ್ದರು. ಮೊದಲು ಬಾಗಿಲ ಪಕ್ಕ ಸ್ನಾನದ ಮನೆ, ಆಮೇಲೆ ಮಲಗುವ ಜಾಗ, ಆಮೇಲೆ ಊಟ. ಬಂದವರು ಮೊದಲು ನೀರು ಹುಯ್ಕೊಬೇಕು ಎನ್ನುವುದು ಅವರಿಗೆ ಆಕಾಶದಲ್ಲೂ ಬದಲಾಗಲಿಲ್ಲ. ಕುಣಿಯುವ ಜಾಗವನ್ನು ಮಾತ್ರ ತೀರಾ ಕೊನೆಗೆ, ಮನಸ್ಸಿಲ್ಲದ ಮನಸ್ಸಿಂದ ಕಟ್ಟುತ್ತಿದ್ದರು.

ಆ ನಿಲ್ದಾಣಕ್ಕೊಂದು ದನಿ ಇತ್ತು. ಎಲ್ಲವನ್ನೂ ನೋಡುತ್ತಾ, ಎಲ್ಲವನ್ನೂ ಗೇಲಿ ಮಾಡುತ್ತಾ ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಇರುತ್ತಿತ್ತು. ಅಯ್ಯನಿಗೆ ಇಂಗ್ಲಿಷ್ ಬಾರದು. ನನಗೂ ಅಷ್ಟಕ್ಕಷ್ಟೇ, ಕಾಲೇಜಿನಲ್ಲಿ ಒಂದು ಸಲ ಇಂಗ್ಲಿಷಿನಲ್ಲೇ ನಪಾಸಾಗಿದ್ದೆ. ಆದರೂ ಅಯ್ಯನ ಕಣ್ಣಿಗೆ ನಾನು ಓದಿದವಳು.

"ಏನಂದ್ನವ್ವಾ ಅವ್ನು?" ಎಂದು ಕೇಳುತ್ತಿದ್ದರು.

ನಾನು ಕಿವಿಗೊಟ್ಟು ಕೇಳಿ, ಒಂದೊಂದೇ ಪದ ಹಿಡಿದು, ನಿಘಂಟು ನೋಡಿ ಹೇಳುತ್ತಿದ್ದೆ. ಒಂದು ದಿನ ಊಟದ ಯಂತ್ರ ಕೆಟ್ಟು ಜೀವಿಗಳೆಲ್ಲ ಹಸಿದು ನಿಂತಿದ್ದಾಗ ಆ ದನಿ ಏನೋ ಹೇಳಿತು. ಬಹಳ ಚೆನ್ನಾಗಿ ನಡೆಸ್ತಿದ್ದೀರಿ ಅಂತ ಹೊಗಳ್ತಾವ್ನೆ ಅಯ್ಯ ಎಂದೆ. ಅಯ್ಯ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಆಡ್ಕೊತಾವ್ನೆ ಕಣವ್ವಾ ಎಂದು ನಕ್ಕುಬಿಟ್ಟರು. ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕರು, ಪಕ್ಕದ ಕೋಣೆಯಲ್ಲಿ ಯಾರೋ ಅಳುತ್ತಿದ್ದರಲ್ಲ… ಅಯ್ಯ ನಕ್ಕದ್ದನ್ನು ನಾನು ಕಂಡದ್ದು ಆ ಆಟದ ಮುಂದೆ ಮಾತ್ರ.

ಅದರಲ್ಲಿ ಯಾವ ಜೀವಿಯ ಮೇಲೆ ಒತ್ತಿದರೂ ಅದಕ್ಕೆ ಹಸಿವೋ, ನಿದ್ದೆಯೋ, ಬೇಸರವೋ ಎಂದು ತೋರಿಸುತ್ತಿತ್ತು. ಅಯ್ಯ ಒಂದೊಂದನ್ನೂ ಒತ್ತಿ ಒತ್ತಿ ವಿಚಾರಿಸುತ್ತಿದ್ದರು. ಕೆಳಗೆ ಛತ್ರದಲ್ಲಿ ಯಾರನ್ನೂ ಕೇಳದ ಮನುಷ್ಯ, ಅಲ್ಲಿ ಒಬ್ಬರನ್ನೂ ಬಿಡದೆ ಕೇಳುತ್ತಿದ್ದರು.

ಹಾಗೆ ಎರಡು ವರ್ಷದ ಹತ್ತಿರ ಕಳೆಯಿತು. ಡಿಗ್ರಿಯ ಕೊನೇ ಪರೀಕ್ಷೆಗಳೆಲ್ಲ ಮುಗಿದು, ಬಾಕಿ ಉಳಿದಿದ್ದ ಆ ಇಂಗ್ಲಿಷ್ ಪತ್ರಿಕೆಯೊಂದೇ ಇತ್ತು. ಅದು ಪಾಸಾಗದೆ ಡಿಗ್ರಿ ಇಲ್ಲ. ಅಷ್ಟರಲ್ಲಿ ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ಕುಸಿದು ಬಿದ್ದವರು ಏಳಲಿಲ್ಲ.

ಸುಟ್ಟ ಮೂರನೇ ದಿನಕ್ಕೆ ಬೂದಿ ತಂದೆವು. ನಾನು ದಿನಾ ಕೂತು ಕಾಯುತ್ತಿದ್ದ ಅದೇ ಛತ್ರಕ್ಕೆ, ಈಗ ಮಡಕೆಯವರ ಜೊತೆ. ಅವ್ವ ಕಂಬಕ್ಕೆ ಒರಗಿ ಕೂತಳು. ನನಗೆ ಅಣ್ಣತಮ್ಮಂದಿರಿಲ್ಲ, ದೊಡ್ಡಪ್ಪನ ಮಗ ಕರ್ಮ ಮಾಡುವವನಿದ್ದ. ಇಂಗ್ಲಿಷ್ ಪರೀಕ್ಷೆಯೂ ಅದೇ ದಿನ, ಹತ್ತು ಗಂಟೆಗೆ. ಕಾಲೇಜು ನಡೆದು ಹೋಗುವಷ್ಟು ಹತ್ತಿರ.

ಅತ್ತೆಯೇ ಮೆಲ್ಲಗೆ ಪರೀಕ್ಷೆಯ ಮಾತು ತೆಗೆದಳು. ದೊಡ್ಡಪ್ಪ ಸಿಡುಕಲೂ ಇಲ್ಲ, ಸೋತ ದನಿಯಲ್ಲಿ ಹೇಳಿದರು: "ಬೂದಿ ಇನ್ನೂ ಬೆಚ್ಚಗದೆ ಕಣವ್ವಾ. ಮುಂದ್ಲ ವರ್ಸ ಬರೀಲಿ ಬುಡು."

ಮುಂದಿನ ವರ್ಷ ಎಂಬುದೇ ಇಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾವಾದ ಮನೆಯಲ್ಲಿ ವರ್ಷದೊಳಗೆ ಹೆಣ್ಣಿನ ಮದುವೆ ಮಾಡಿಬಿಡಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಕೆ.ಆರ್. ಪೇಟೆ ಕಡೆಯ ಒಂದು ಮನೆಯವರು ಆಗಲೇ ಕೇಳಿಕೊಂಡು ಹೋಗಿದ್ದರು. ಅವರಿಗೆ ಡಿಗ್ರಿ ಬೇಕಿರಲಿಲ್ಲ. ದೊಡ್ಡಪ್ಪ ಕೆಟ್ಟವರಲ್ಲ, ಮುಂದೆ ನಮ್ಮ ಭಾರವೆಲ್ಲ ಅವರ ತಲೆ ಮೇಲೆಯೇ ಬರುವುದಿತ್ತು. ಅದಕ್ಕೇ ನನಗೆ ಎದುರಾಡಲು ಬಾಯಿ ಬರಲಿಲ್ಲ.

ಬೀಗದ ಕೈ ಗೊಂಚಲಿನ ಸದ್ದು ನಮ್ಮ ಪಕ್ಕದಲ್ಲಿ ನಿಂತಿತು. ಅಯ್ಯ ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ…

"ನಿಂಗೇನ್ ಬೇಕವ್ವಾ? ಬಾಯ್ಬುಟ್ಟು ಯೋಳು."

ನೆಲ ಒರೆಸುತ್ತಿದ್ದ ಹೆಂಗಸು ಬಟ್ಟೆ ಬಿಟ್ಟು ತಲೆ ಎತ್ತಿದಳು. ಆ ಛತ್ರದಲ್ಲಿ ಅಯ್ಯನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಅಪ್ಪ ಹೋದಾಗಿನಿಂದ ನನ್ನನ್ನೂ ಯಾರೂ ಅದನ್ನು ಕೇಳಿರಲಿಲ್ಲ.

ಪರೀಕ್ಷೆ ಬರೀಬೇಕು ಅಯ್ಯ ಎಂದೆ.

ಸೂತಕದ ಮೈಯಲ್ಲಿ ಹೋಗಿ ಬೇರೆಯವರ ಮಕ್ಕಳ ನಡುವೆ ಕೂರುವುದಾ, ನೀವೇ ಹಿಂಗಂದರೆ ಹೆಂಗೆ ಎಂದರು ದೊಡ್ಡಪ್ಪ. ಅಯ್ಯ ದನಿ ಏರಿಸಲಿಲ್ಲ.

"ನೋಡಪ್ಪಾ, ನಂಗೆ ವರ್ಸವೆಲ್ಲಾ ಸೂತಕವೇಯ. ಬೆಳಗಾಗೆದ್ರೆ ಸತ್ತೋರ್ ಮನೇರ್ ಜೊತೇಲೇ ಇರ್ತೀನಿ. ಬ್ಯಾಂಕಿಗೂ ಓಯ್ತೀನಿ, ಅಂಗ್ಡಿಗೂ ಓಯ್ತೀನಿ, ಮದ್ವೆ ಮನೇಲೂ ಉಂಡು ಬತ್ತೀನಿ. ಯಾರ್ ಮನೆ ಮುಳುಗೋಗದೆ? ಅಪ್ಪನ್ನ ನೀರಿಗೆ ಬುಡೋಗಂಟ ಇಲ್ಲೇ ಇರ್ತಾಳೆ. ಆಮೇಲೆ ತಲೆಮ್ಯಾಲೆ ನೀರು ಉಯ್ಕಂಡು ಓಗಿ ಬರೀಲಿ. ಊಟಕ್ಕೆ ಇರಾಕಿಲ್ಲ, ಅಷ್ಟೇಯ."

ದೊಡ್ಡಪ್ಪ ಅವ್ವನ ಕಡೆ ನೋಡಿದರು. ಅವ್ವ ಕಂಬದಿಂದ ತಲೆ ಎತ್ತದೆಯೇ, ಓಗ್ಲಿ ಬುಡಿ ಭಾವ ಎಂದಳು.

ಆದರೆ ಆ ದಿನ ಪುರೋಹಿತರ ಬಳಿ ಮೊದಲ ಸರದಿ ಬೆಂಗಳೂರಿನಿಂದ ಬಂದ ಒಂದು ಕುಟುಂಬದ್ದು. ಅಯ್ಯ ಅವರ ಮುಂದೆ ಹೋಗಿ ಕೈ ಮುಗಿದು ನಿಂತು ಏನೋ ಹೇಳಿದರು. ಮಡಕೆ ಹಿಡಿದಿದ್ದ ನರೆಗೂದಲಿನವರೊಬ್ಬರು ನನ್ನ ಕಡೆ ಒಂದು ಸಲ ನೋಡಿ, ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಕೂತರು. ಅವರು ಯಾರನ್ನು ಕಳೆದುಕೊಂಡಿದ್ದರೋ ನನಗೆ ತಿಳಿಯದು.

ಅಪ್ಪನ ಬೂದಿ ನೀರಿನಲ್ಲಿ ಬೆಳ್ಳಗೆ ಹರಡಿ, ಸ್ವಲ್ಪ ದೂರ ಹಾಗೇ ಹೋಗಿ, ಕಾಣದಾಯಿತು. ನಾನು ಮುಳುಗೆದ್ದೆ. ಅತ್ತೆ ಮನೆಗೆ ಓಡಿ ಹಾಲ್ ಟಿಕೆಟ್ಟು, ಪೆನ್ನು, ಒಣಗಿದ ಬಟ್ಟೆ ತಂದಿದ್ದಳು. ಛತ್ರದಿಂದ ಹೊರಡುವವರು ಹೇಳಿ ಹೋಗುವ ಹಾಗಿಲ್ಲವಲ್ಲ, ನಾನೂ ಅಯ್ಯನಿಗೆ ಏನೂ ಹೇಳದೆ ಹೊರಟೆ. ಪ್ರಶ್ನೆಗಳು ಯಾವುವೆಂದು ಈಗ ನೆನಪಿಲ್ಲ… ಕೂದಲಿನಿಂದ ನೀರು ತೊಟ್ಟಿಕ್ಕಿ ಬರೆದ ಒಂದು ಪದ ಕದಡಿಹೋದದ್ದು, ಅದನ್ನು ಹೊಡೆದುಹಾಕಿ ಮತ್ತೆ ಬರೆದದ್ದು ನೆನಪಿದೆ.

ಪಾಸಾಯಿತು. ಕೆ.ಆರ್. ಪೇಟೆಯವರಿಗೆ ದೊಡ್ಡಪ್ಪನೇ, ಹುಡುಗಿ ಕೆಲಸಕ್ಕೆ ಹೋಗುತ್ತಾಳಂತೆ ಎಂದು ಹೇಳಿ ಕಳಿಸಿದರು. ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಅವ್ವ ಹೇಳುತ್ತಿದ್ದಳು.

ರಿಸಲ್ಟು ಬಂದ ದಿನ ಮೈಸೂರುಪಾಕಿನ ಪೊಟ್ಟಣ ಹಿಡಿದು ಛತ್ರಕ್ಕೆ ಹೋದೆ. ಹೊಸಿಲಲ್ಲೇ ಅಯ್ಯ ಕೈ ಅಡ್ಡ ಹಿಡಿದರು. ಆ ಮನೆಯೊಳಕ್ಕೆ ಸಂತೋಷದ ಸಿಹಿ ಬರುವಂತಿಲ್ಲ, ಆತುರದಲ್ಲಿ ನನಗದು ಹೊಳೆದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತಾವೇ ಹೊರಗೆ ಬಂದು, ರಸ್ತೆ ದಾಟಿ, ಎದುರಿನ ಹೊಂಗೆ ಮರದ ಕೆಳಗೆ ನಿಂತು ಕೈ ಚಾಚಿದರು.

"ಏನಂದ್ನವ್ವಾ ಯೂನಿವರ್ಸಿಟಿಯೋನು?"

ಪಾಸು ಅಂದ ಅಯ್ಯ ಎಂದೆ.

"ಆಡ್ಕೊಂಡ್ನಾ, ನಿಜ್ವಾಗ್ಲೂ ಅಂದ್ನಾ?"

ನಿಜವಾಗಲೂ ಅಂದ ಎಂದೆ. ಅಯ್ಯ ನಿಧಾನಕ್ಕೆ ಅಗಿದು ಅಗಿದು ತಿಂದರು. ಮೂಲೆಯಲ್ಲಿ ಒಂದು ಕಾರು ತಿರುಗಿ ಛತ್ರದ ಮುಂದೆ ನಿಂತಿತು, ಮಡಕೆ ಅವುಚಿಕೊಂಡ ಹೆಂಗಸೊಬ್ಬರು ಇಳಿದರು. ಅಯ್ಯ ಬಾಯಿ ಒರೆಸಿಕೊಂಡು ರಸ್ತೆ ದಾಟಿ ಹೋದರು.

ಆಮೇಲೆ ಕೆಲಸ, ನಾಗಮಂಗಲ, ಮದುವೆ, ಮಗ. ಒಂದೆರಡು ಸಲ ಛತ್ರಕ್ಕೆ ಹೋಗಿ ಅಯ್ಯನನ್ನು ನೋಡಿ ಬಂದಿದ್ದೆ. ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತ್ತು. ಹೋದ ವರ್ಷ ಅತ್ತೆ ತೀರಿಕೊಂಡಾಗ ಅವಳ ಬೂದಿಯನ್ನು ಅಲ್ಲಿಗೇ ತಂದೆವು. ಬೀಗದ ಕೈ ಯಾರೋ ಹೊಸಬನ ಕೈಯಲ್ಲಿತ್ತು. ನಮಗೆ ಟೋಕನ್ನು ಕೊಟ್ಟ. ಅಯ್ಯ ಎಲ್ಲಿ ಎಂದರೆ, ಅವರು ಹೋಗಿ ಯಾವ ಕಾಲವಾಯಿತು ಎಂದ. ಕಾಯಿಲೆ ಬಿದ್ದಾಗ ಮಕ್ಕಳು ತಮ್ಮೂರಿಗೆ ಕರೆದುಕೊಂಡು ಹೋದರಂತೆ, ಅಲ್ಲೇ ಎಲ್ಲವೂ ಮುಗಿಯಿತಂತೆ. ಬೂದಿಯನ್ನು ಯಾವ ಹೊಳೆಗೆ ಬಿಟ್ಟರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಇಲ್ಲಿಗಂತೂ ತರಲಿಲ್ಲ ಎಂದ…

ಮಗನ ಹೊಸ ಆಟದಲ್ಲಿ ಬಣ್ಣ ಜಾಸ್ತಿ, ಗದ್ದಲ ಜಾಸ್ತಿ. ಕೆಲಸಕ್ಕೆ ರಜೆ ಹಾಕಿದ್ದ ಒಂದು ದಿನ, ಅವನು ಶಾಲೆಗೆ ಹೋದ ಮೇಲೆ, ನಾನೊಬ್ಬಳೇ ಕೂತು ಆಡಿ ನೋಡಿದೆ. ಸ್ನಾನಕ್ಕೆ, ನಿದ್ದೆಗೆ, ಊಟಕ್ಕೆ ಅಯ್ಯನ ಲೆಕ್ಕದಲ್ಲೇ ಜಾಗ ಮಾಡಲು ಹೋದೆ. ಅಷ್ಟರಲ್ಲಿ ಎದುರಾಳಿಗಳು ಮೇಲೆ ಬಿದ್ದರು, ಅದು ಮಾಡು ಇದು ಮಾಡು ಎಂದು ಅವಸರ ಶುರುವಾಯಿತು. ಒಂದೊಂದು ಜೀವಿಯ ಮುಂದೆ ನಿಂತು ವಿಚಾರಿಸುವಷ್ಟು ಪುರುಸೊತ್ತು ನನಗೆ ಸಿಗಲಿಲ್ಲ. ಆಟ ಚೆನ್ನಾಗಿಲ್ಲ ಅಂತಲ್ಲ, ಮಾಡಿದವರು ಶ್ರಮಪಟ್ಟೇ ಮಾಡಿದ್ದಾರೆ. ಅಯ್ಯ ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ, ನನಗೆ ಊಹಿಸಲಾಗುತ್ತಿಲ್ಲ.

ಗೇಲಿ ಮಾಡುವ ದನಿ ಇದರಲ್ಲೂ ಇದೆ, ಹಳೆಯದಕ್ಕಿಂತ ಹೆಚ್ಚೇ ಮಾತಾಡುತ್ತದೆ. ಈಗ ನನಗೆ ಅದರ ಒಂದೊಂದು ಪದವೂ ತಿಳಿಯುತ್ತದೆ. ಯಾವುದು ಹೊಗಳಿಕೆ, ಯಾವುದು ಅಣಕ ಎಂದು ನಿಘಂಟು ಮುಟ್ಟದೆ ಹೇಳಬಲ್ಲೆ. ಸಾಯಂಕಾಲ ಮಗನ ಪಕ್ಕ ಕೂತು, ಏನಂದ ಗೊತ್ತಾ ಎಂದು ಬಾಯಿ ತೆರೆಯುತ್ತೇನೆ. ಅವನು ಅಷ್ಟರಲ್ಲಿ ನಕ್ಕು ಮುಗಿಸಿರುತ್ತಾನೆ.