ಕುಲುಕದ ಗಾಡಿ

ನಮ್ಮ ಭಾವನ ಕಾರು ದಿನಾ ಬೆಳಗ್ಗೆ ಒಂದು ಕಡೆಗೆ ವಾಲಿಕೊಂಡು ನಿಂತಿರುತ್ತಿತ್ತು. ದೊಡ್ಡ ಮನುಷ್ಯರ ಕಾರಲ್ಲವೇ, ಅದಕ್ಕೆ ಎಲ್ಲರ ಹಾಗೆ ಕಬ್ಬಿಣದ ಸ್ಪ್ರಿಂಗ್ ಸಾಲದು. ಚಕ್ರದ ಮೇಲೆ ಗಾಳಿ ತುಂಬಿದ ರಬ್ಬರ್ ಚೀಲ. ವಯಸ್ಸಾದ ಮೇಲೆ ಚೀಲ ಬಿರಿದು ಗಾಳಿ ಸೋರುತ್ತೆ. ಭಾವ ಹಲ್ಲುಜ್ಜುವುದಕ್ಕೂ ಮುಂಚೆ ಮೂರು ಮಹಡಿ ಇಳಿದು ಹೋಗಿ ಎಂಜಿನ್ ಶುರು ಮಾಡಿ, ಅದು ಮೆಲ್ಲಗೆ ಮೇಲೇಳುವವರೆಗೆ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಅಕ್ಕ ಕಿಟಕಿಯಿಂದ ಕೂಗುತ್ತಿದ್ದಳು: "ಎದ್ದಳೇನ್ರೀ ನಿಮ್ಮ ಮಹಾರಾಣಿ? ಇಲ್ಲೊಬ್ಬಳು ಏಳೋಕಾಗದೆ ಕೂತಿದ್ದಾಳೆ, ಅವಳನ್ನೂ ಸ್ವಲ್ಪ ಎಬ್ಬಿಸಿ!"

ಮಾತು ತಮಾಷೆಯದೇ. ಅವಳ ಮೊಣಕಾಲು ಮಾತ್ರ ತಮಾಷೆಯಾಗಿರಲಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರ ತುಳಿದು ತುಳಿದು ಬಲಗಾಲಿನಲ್ಲಿ ಮೂಳೆಗೆ ಮೂಳೆ ಉಜ್ಜುತ್ತಿತ್ತು. ಮೆಟ್ಟಿಲನ್ನು ಅಡ್ಡಡ್ಡಲಾಗಿ, ಕಂಬಿ ಹಿಡಿದು, ಒಂದೊಂದಕ್ಕೂ "ಅಮ್ಮಾ" ಅನ್ನುತ್ತ ಹತ್ತುತ್ತಿದ್ದಳು. ಆಪರೇಷನ್ ಬಿಟ್ಟರೆ ಬೇರೆ ದಾರಿಯಿಲ್ಲ ಅಂತ ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಅದಕ್ಕೆಂದೇ ಇಬ್ಬರೂ ಬ್ಯಾಂಕಿನಲ್ಲಿ ದುಡ್ಡು ಕೂಡಿಡುತ್ತಿದ್ದರು. ಇನ್ನೇನು ಸಾಕಾಯಿತು ಅನ್ನುವಷ್ಟರಲ್ಲಿ ಕಾರು ಬಾಯಿ ತೆರೆಯುತ್ತಿತ್ತು.

ನಾನು ಶಾಲೆ ಮಕ್ಕಳ ವ್ಯಾನ್ ಓಡಿಸುವವಳು. ನನ್ನ ವ್ಯಾನ್ ಕೆಟ್ಟರೆ ಸುತ್ತಿಗೆಯಲ್ಲಿ ನಾಲ್ಕು ಬಾರಿಸಿದರೆ ಅರ್ಧ ಸರಿಹೋಗುತ್ತೆ. ಉಳಿದರ್ಧ ಮಧ್ಯಾಹ್ನದೊಳಗೆ ಯಾರೋ ಒಬ್ಬರು ಮಾಡಿಕೊಡುತ್ತಾರೆ. ಭಾವನ ಕಾರು ಹಾಗಲ್ಲ. ಕಿಟಕಿ ಗಾಜು ಕೆಳಗೆ ಕುಸಿಯಿತು ಅಂದರೆ ಬಾಗಿಲೊಳಗಿನ ಮೋಟರೇ ಹೊಸದು ಬೇಕು. ನೀರು ಹರಿಯುವ ಒಂದು ಪ್ಲಾಸ್ಟಿಕ್ ಕೊಳವೆ, ನನ್ನ ಬೆರಳಷ್ಟಿಲ್ಲ, ಒಣಗಿ ಪುಡಿಯಾಯಿತು. ಅದನ್ನು ಮುಟ್ಟಬೇಕಾದರೆ ಅರ್ಧ ಎಂಜಿನ್ ಬಿಚ್ಚಬೇಕು. ಕೊಳವೆಗೆ ಕೊಟ್ಟದ್ದು ಚಿಲ್ಲರೆ, ಬಿಚ್ಚಿದ್ದಕ್ಕೆ ಕೊಟ್ಟದ್ದು ನನ್ನ ಒಂದು ತಿಂಗಳ ಸಂಪಾದನೆ. ಒಂದು ಗಾಳಿ ಚೀಲದ ದುಡ್ಡಲ್ಲಿ ನನ್ನ ವ್ಯಾನಿಗೆ ನಾಲ್ಕೂ ಟೈರ್ ಹಾಕಿಸಿ, ಉಳಿದದ್ದರಲ್ಲಿ ಬಣ್ಣ ಹೊಡೆಸಬಹುದಿತ್ತು. ಥೂ, ಅದರ ಮನೆ ಹಾಳಾಗ!

"ಮಾರಿಬಿಡಿ ಭಾವ," ಅಂದರೆ, "ಮಾರಿದ್ರೆ ಸಂಪಾದನೆ ಎಲ್ಲಿಂದ ಬರುತ್ತಮ್ಮ?" ಅನ್ನುತ್ತಿದ್ದರು. ಅದೂ ನಿಜವೇ. ಮದುವೆಗೆ, ವಿಮಾನ ನಿಲ್ದಾಣಕ್ಕೆ ಬಾಡಿಗೆಗೆ ಹೋಗುತ್ತಿತ್ತು. ಒಂದು ಕೈಯಲ್ಲಿ ದುಡಿದು ಎರಡು ಕೈಯಲ್ಲಿ ತಿನ್ನುತ್ತಿತ್ತು.

ಭಾವ ಮೀಸೆ ಮೂಡಿದ ವಯಸ್ಸಿನಿಂದ ಒಬ್ಬ ಗಿರಣಿ ಮಾಲೀಕರ ಡ್ರೈವರ್. ಆ ಧಣಿಗಳು ಹಿಂದಿನ ಸೀಟಿನಲ್ಲಿ ಚಹಾ ಲೋಟ ಹಿಡಿದು ಪತ್ರಿಕೆ ಓದುತ್ತಿದ್ದರಂತೆ. ಒಂದು ಹನಿ ತುಳುಕಿದರೆ ಬೈಯುತ್ತಿರಲಿಲ್ಲ. ಕನ್ನಡಿಯಲ್ಲಿ ಭಾವನ ಮುಖ ನೋಡುತ್ತಿದ್ದರು, ಅಷ್ಟೇ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿ. "ಗಾಡಿ ಕುಲುಕಿತು ಅಂದ್ರೆ ಅದು ಡ್ರೈವರ್ ಕಾಲಿನ ತಪ್ಪು," ಅಂತ ಭಾವ ನನಗೆ ನೂರು ಸಲ ಪಾಠ ಹೇಳಿದ್ದಾರೆ. ಒಮ್ಮೆ ನನ್ನ ವ್ಯಾನಿನಲ್ಲಿ ಕೂತು ಬಂದು, ಇಳಿದು, ಸೊಂಟ ಹಿಡಿದುಕೊಂಡು, "ಏನಮ್ಮಾ, ನೀನು ಮಕ್ಕಳನ್ನ ಸಾಗಿಸ್ತೀಯೋ, ಮೂಟೆ ಸಾಗಿಸ್ತೀಯೋ?" ಅಂದಿದ್ದರು. ಗಿರಣಿ ಮುಚ್ಚಿದಾಗ ಅವರ ಕೈಗೆ ದುಡ್ಡು ಬರಲಿಲ್ಲ. ಅದರ ಬದಲು ಧಣಿಗಳು ಕಾರಿನ ಕೀ ಕೊಟ್ಟರು. ಆವತ್ತು ಭಾವ ಸಂತೋಷಕ್ಕೆ ಅತ್ತರು. ಅಕ್ಕನೂ ಅತ್ತಳು, ಬೇರೆ ಕಾರಣಕ್ಕೆ.

ಕೆಲವು ಕಾಲ ಹೇಗೋ ನಡೆಯಿತು. ಆಮೇಲೆ ಶುರುವಾಯಿತು ನಡುಕದ ಕಥೆ. ಭಾವ ಗ್ಯಾರೇಜಿಗೆ ಹೋಗಿ, ತಲೆ ಕೆರೆದುಕೊಂಡು, "ಎಲ್ಲೋ ಸ್ವಲ್ಪ ನಡುಗಿದ ಹಾಗೆ ಅನ್ಸುತ್ತೆ, ನೋಡಿ," ಅನ್ನುತ್ತಿದ್ದರು. ಮೆಕ್ಯಾನಿಕ್ ಮೋಸಗಾರನಲ್ಲ, ಒಳ್ಳೆಯವನು. "ಬನ್ನಿ ಯಜಮಾನ್ರೇ, ಒಂದು ಸುತ್ತು ಹೋಗಿಬರೋಣ," ಅಂತ ಪಕ್ಕದಲ್ಲಿ ಕೂರುತ್ತಿದ್ದ. ಸ್ಟೀರಿಂಗ್ ಮಾತ್ರ ಭಾವ ಯಾರ ಕೈಗೂ ಕೊಟ್ಟವರಲ್ಲ. ಧಣಿಗಳ ಕಾಲದ ಕಟ್ಟುನಿಟ್ಟು. ಸುತ್ತು ಮುಗಿದರೂ ಮೆಕ್ಯಾನಿಕ್‌ಗೆ ಏನೂ ತಿಳಿಯುತ್ತಿರಲಿಲ್ಲ. ಗಾಡಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಆದರೂ ಗಿರಾಕಿ ನಡುಗುತ್ತೆ ಅಂದ ಮೇಲೆ ಏನಾದರೂ ಮಾಡಬೇಕಲ್ಲ? ಮೊದಲು ಎಂಜಿನ್ ಕೂರುವ ರಬ್ಬರ್‌ಗಳನ್ನು ಬದಲಿಸಿದ. ಮುಂದಿನ ಸಲ ಪ್ಲಗ್ಗು, ಕಾಯಿಲ್ಲು. ಅದಾದ ಮೇಲೆ ಚಕ್ರದ ಬೇರಿಂಗು. ಒಂದೊಂದು ಸಲವೂ ಅಕ್ಕನ ಕಾಲಿನ ಆಪರೇಷನ್ ಮುಂದಕ್ಕೆ ಹೋಯಿತು. ಆಸ್ಪತ್ರೆಗೆ ಎರಡು ಸಲ ಫೋನ್ ಮಾಡಿ ದಿನ ಬದಲಿಸಿದವಳು ನಾನೇ. "ಪಾಪ, ಅವರಿಗೆ ಅಷ್ಟು ನೋವಿಲ್ಲ ಅಂತ ಕಾಣುತ್ತೆ," ಅಂದಳು ಆ ಕಡೆಯ ಹೆಂಗಸು. ಫೋನ್ ಕುಕ್ಕಿಬಿಟ್ಟೆ.

ಮೂರನೇ ಸಲ ದಿನ ಗೊತ್ತಾಯಿತು. ಅದಕ್ಕೆ ಒಂದು ವಾರವಿದೆ ಅನ್ನುವಾಗ ಕಾರು ಮತ್ತೆ ನಡುಗುತ್ತಿದೆ ಅಂದರು ಭಾವ. ಅದೇ ದಿನ ಚಕ್ರ ಬಿಚ್ಚಲು ಹೋಗಿ, ಜಾಕ್ ಜಾರಿ, ಅವರ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತು. "ಕೀ ಇಲ್ಲಿ ಕೊಡಿ," ಅಂದೆ. ಕೊಡಲಾರದೆ ಕೊಟ್ಟರು. ಅಷ್ಟು ವರ್ಷದಲ್ಲಿ ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತರು, ಅದೂ ತುದಿಯಲ್ಲಿ, ಟಿಕೆಟ್ ಇಲ್ಲದೆ ಬಸ್ಸು ಹತ್ತಿದವರ ಹಾಗೆ.

ಆಮೆಯ ಹಾಗೆ ತೆವಳಿಸಿಕೊಂಡು ಗ್ಯಾರೇಜ್ ಮುಟ್ಟಿಸಿದೆ. ಮೆಕ್ಯಾನಿಕ್ ಎಂದಿನಂತೆ ಮುಂದೆ ಬಂದು ಕೂತ. ಖಾಲಿ ರಸ್ತೆ ಸಿಕ್ಕಿತು, ನನ್ನ ವ್ಯಾನಿನಲ್ಲಿ ಒತ್ತುವ ಹಾಗೆ ಆಕ್ಸಿಲರೇಟರ್ ಒತ್ತಿದೆ. ಗೇರ್ ತಾನಾಗಿ ಬದಲಾಗುವಾಗ ಧಡಕ್ ಅಂತ ಎಗರಿತು ನೋಡಿ, ಮೆಕ್ಯಾನಿಕ್ ಹಣೆ ಗಾಜಿಗೆ ಬಡಿಯುವುದೊಂದು ಬಾಕಿ.

"ಅಯ್ಯಯ್ಯೋ! ಏನಿದು?"

"ನನ್ನ ಕಾಲು ಸ್ವಲ್ಪ ಒರಟು ಕಣಪ್ಪ."

"ಕಾಲಲ್ಲ ಮೇಡಂ. ಇನ್ನೊಂದು ಸಲ ಹಾಗೇ ಒತ್ತಿ." ಒತ್ತಿದೆ. ಮತ್ತೆ ಧಡಕ್. ಅವನು ಹಿಂದಕ್ಕೆ ತಿರುಗಿದ. "ಯಜಮಾನ್ರೇ, ಇದು ಗೇರ್‌ಬಾಕ್ಸು! ಯಾವಾಗಿಂದ ಹೀಗಿದೆ?"

"ಮೂರು ವರ್ಷ ಆಗಿರಬಹುದು," ಅಂದರು ಭಾವ. "ಎರಡನೇ ಗೇರಿಂದ ಮೂರಕ್ಕೆ ಬೀಳೋ ಹೊತ್ತಿಗೆ ಆಕ್ಸಿಲರೇಟರಿಂದ ಕಾಲು ಒಂಚೂರು ಎತ್ತಿದ್ರೆ ಗೊತ್ತಾಗಲ್ಲ."

"ನಾನು ಪಕ್ಕದಲ್ಲಿ ಕೂತಾಗಲೂ ಎತ್ತುತ್ತಾ ಇದ್ರಾ?"

"ರೂಢಿ ಆಗಿಬಿಟ್ಟಿದೆಯಪ್ಪ."

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಅಲ್ಲ ಮಹರಾಯರೇ! ಆವತ್ತೇ ಗೊತ್ತಾಗಿದ್ರೆ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ ಮುಗಿಸ್ತಿದ್ದೆ. ಈಗ ಪೂರ್ತಿ ಗೇರ್‌ಬಾಕ್ಸೇ ಬೇಕು. ಅದರ ದುಡ್ಡಿಗೆ ಇಂಥ ಹಳೇ ಕಾರು ಎರಡು ಬರುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ, "ಬಾಯಲ್ಲಿ ಏನು ಇಟ್ಕೊಂಡಿದ್ರಿ ಭಾವ? ಗೇರ್ ಎಗರುತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಅಂತ ಕಿರುಚಿದೆ.

ಭಾವ ಊದಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಗೇರ್‌ದು ತಪ್ಪು ಅಂತ ಗೊತ್ತಿರಲಿಲ್ಲಮ್ಮ. ನನ್ನ ಕಾಲು ಹೋಯ್ತು ಅಂದ್ಕೊಂಡೆ. ವಯಸ್ಸಾಯ್ತು, ಹಿಡಿತ ತಪ್ಪುತ್ತಾ ಇದೆ, ಈಗ ಯಾರಿಗಾದ್ರೂ ಗೊತ್ತಾದ್ರೆ ಮುಗೀತು ಅಂತ ಹೆದರಿಕೆ. ಇವನು ಏನಾದ್ರೂ ಬದಲಿಸಿದಾಗೆಲ್ಲ, ಇದರಿಂದ ಸರಿಹೋಗಲಿ ದೇವರೇ, ತಪ್ಪು ಗಾಡಿದೇ ಆಗಿರಲಿ ಅಂತ ಬೇಡಿಕೊಳ್ತಿದ್ದೆ. ಸರಿಹೋಗ್ತಿರಲಿಲ್ಲ. ನನ್ನದೇ ಅಂತ ಗಟ್ಟಿಯಾಯ್ತು."

ಅವರ ತಲೆಗೆ ಒಂದು ಮೊಟಕಬೇಕು ಅನ್ನಿಸಿತು. ಪಾಪ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ದುಡ್ಡು, ಅಷ್ಟು ನೋವು, ಎಲ್ಲ ಭಾವನ ಆ ಚೆನ್ನಾಗಿರುವ ಒಂದು ಕಾಲಿಗೆ ಸುರಿದಾಗಿತ್ತು.

ಕಾರನ್ನು ಅಲ್ಲೇ ಬಿಟ್ಟುಬಂದೆವು. ಬಾಗಿಲು, ಸೀಟು, ದೀಪ ಅಂತ ಬಿಡಿಬಿಡಿಯಾಗಿ ಮಾರಿಕೊಳ್ಳುತ್ತೇನೆ ಅಂದ ಮೆಕ್ಯಾನಿಕ್. ಕೊಟ್ಟದ್ದು ಕಬ್ಬಿಣದ ಬೆಲೆಗಿಂತ ಒಂದಿಷ್ಟು ಹೆಚ್ಚು. ಮನೆಯಲ್ಲಿ ಭಾವ ಬಾಗಿಲ ಹತ್ತಿರ ನಿಂತೇ ಅಕ್ಕನಿಗೆ ಎಲ್ಲ ಹೇಳಿದರು, ಏನೂ ಮುಚ್ಚಿಡಲಿಲ್ಲ. ಅಕ್ಕ ಯಾರದೋ ರವಿಕೆಯ ತೋಳು ಹೊಲಿಯುತ್ತಿದ್ದವಳು ಅದನ್ನು ಮುಗಿಸಿ ಇನ್ನೊಂದು ತೋಳಿಗೆ ಕೈಹಾಕಿದಳು. ಅವಳು ಬೈದಿದ್ದರೆ ನಮಗಿಬ್ಬರಿಗೂ ಹಗುರಾಗುತ್ತಿತ್ತು.

ಆಪರೇಷನ್ ಹೇಳಿದ ದಿನವೇ ಆಯಿತು. ಆಸ್ಪತ್ರೆಯಿಂದ ನನ್ನ ವ್ಯಾನಿನಲ್ಲೇ ಕರೆತಂದೆವು. ಕಾಯಬಾರದಾಗಿತ್ತು ಮಹರಾಯ್ತಿ, ಬಹಳ ತಡ ಮಾಡಿಬಿಟ್ಟಿರಿ, ಕಾಲು ಪೂರ್ತಿ ಮಡಚುವುದು ಕಷ್ಟ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾನು ಚೀಲ ಹೊತ್ತು ಹಿಂದೆ ನಿಂತೆ. ಭಾವ ಅಕ್ಕನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಮೊದಲ ಮೆಟ್ಟಿಲು ಹತ್ತಿಸಿದರು. ಎರಡನೆಯದಕ್ಕೆ ಕಾಲಿಡುವಾಗ ಅವಳ ಮುಖ ಬಿಳಿಚಿಕೊಂಡಿತು.

"ನಿಧಾನ, ನಿಧಾನ," ಅಂದರು ಭಾವ. "ನೋವಾದ್ರೆ ನುಂಗ್ಕೋಬೇಡ. ಬಾಯಿಬಿಟ್ಟು ಹೇಳು."

ಅಕ್ಕ ಕಂಬಿ ಹಿಡಿದು ನಿಂತಳು. ಉಸಿರು ತೆಗೆದುಕೊಂಡಳು.

"ಮೂರು ವರ್ಷದಿಂದ ಹೇಳ್ತಾನೇ ಇದ್ದೀನಿ ಕಣ್ರೀ," ಅಂದಳು.